ಮಗಳ ಕಣ್ಣಿನ ಎತ್ತರ

ಹೊನ್ನಾವರದಲ್ಲಿ ನನ್ನದು ಹೊಲಿಗೆ ಅಂಗಡಿ. ರವಿಕೆ, ಚೂಡಿದಾರ ಎಲ್ಲ ಹೊಲಿಯುತ್ತೇನೆ, ಆದರೆ ಹೊಟ್ಟೆ ಹೊರೆಯುವುದು ಶಾಲೆಯ ಯೂನಿಫಾರ್ಮಿನಿಂದ. ಮೇ ತಿಂಗಳು ಬಂತೆಂದರೆ ತಾಯಂದಿರು ಮಕ್ಕಳನ್ನು ಎಳೆದುಕೊಂಡು ಬರುತ್ತಾರೆ. ಎಲ್ಲರದೂ ಒಂದೇ ಮಾತು: ಬೆಳೆಯುವ ಮಕ್ಕಳು, ಒಳಗೆ ಬಟ್ಟೆ ಜಾಸ್ತಿ ಬಿಡಿ. ಅದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎರಡೂ ಬದಿಯ ಹೊಲಿಗೆಯ ಒಳಗೆ ಧಾರಾಳವಾಗಿ ಬಟ್ಟೆ ಮಡಚಿಟ್ಟಿರುತ್ತೇನೆ. ಮಗು ದಪ್ಪಗಾದರೆ ಹಳೆ ಹೊಲಿಗೆ ಬಿಚ್ಚಿ ಒಂದಿಷ್ಟು ಆಚೆ ಹೊಲಿದರಾಯಿತು. ಬಿಚ್ಚಿದ ಗುರುತು ಸಹ ಕಾಣದ ಹಾಗೆ ಮಾಡುವುದು ನನಗೆ ಗೊತ್ತು. ಈ ಕೈಚಳಕದ ಬಗ್ಗೆ ನನಗೆ ಬಹಳ ಜಂಭವಿತ್ತು. ಆ ಜಂಭವೇ ನನ್ನ ಕಣ್ಣಿಗೆ ಮಣ್ಣೆರಚಿತು.

ಅಂಗಡಿಯ ಬಾಗಿಲಲ್ಲಿ ಚಿಪ್ಸ್, ಕುರುಕಲು ಪೊಟ್ಟಣಗಳ ಮಾಲೆ ತೂಗತೊಡಗಿದ್ದು ಮಗಳು ಒಂದನೇ ಕ್ಲಾಸಿಗೆ ಸೇರಿದ ವರ್ಷ. ಕುಮಟಾದಿಂದ ವ್ಯಾನಿನಲ್ಲಿ ಬರುತ್ತಿದ್ದ ಕಂಪನಿಯ ಮನುಷ್ಯ ತಾನಾಗಿಯೇ ಒಳಗೆ ಬಂದ. ಇಸ್ತ್ರಿ ಮಾಡಿದ ಅಂಗಿ, ಮಾತಿಗೊಮ್ಮೆ ಅಕ್ಕ. ಶಾಲೆ ಬಿಟ್ಟ ಮಕ್ಕಳೆಲ್ಲ ನಿಮ್ಮ ಅಂಗಡಿಯ ಮುಂದೆಯೇ ಹೋಗುತ್ತಾರೆ, ಮೆಷಿನ್ನಿನ ಪಕ್ಕ ನಾಲ್ಕು ಮಾಲೆ ತೂಗಿದರೆ ನಿಮಗೇನು ಭಾರ ಎಂದ. ಬೇಡ ಅನ್ನಲು ನನಗೂ ಕಾರಣ ಹೊಳೆಯಲಿಲ್ಲ. ಮಾಲೆಯನ್ನು ಬಾಗಿಲ ಮೇಲಿನ ಮೊಳೆಗೆ ಸಿಕ್ಕಿಸಲು ಸ್ಟೂಲು ಹತ್ತಿದೆ. ಅವನು ನಕ್ಕು, ಇಳಿಯಿರಿ ಅಂದ. ಮೇಜಿನ ಮೇಲಿದ್ದ ನನ್ನದೇ ಟೇಪು ಎತ್ತಿಕೊಂಡ. ಮೂಲೆಯಲ್ಲಿ ಕೂತು ಗುಂಡಿಗಳನ್ನು ಬಣ್ಣಬಣ್ಣಕ್ಕೆ ವಿಂಗಡಿಸುತ್ತಿದ್ದ ಮಗಳನ್ನು ಕರೆದು ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಲ್ಲಿಸಿದ. ಅವಳೋ, ಶಾಲೆಯಲ್ಲಿ ಪ್ರಾರ್ಥನೆಗೆ ನಿಂತ ಹಾಗೆ ನೆಟ್ಟಗೆ ನಿಂತಳು. ನೆಲದಿಂದ ಅವಳ ಕಣ್ಣಿನವರೆಗೆ ಅಳತೆ ಹಿಡಿದು, ನನ್ನ ಸೀಮೆಸುಣ್ಣದಿಂದಲೇ ಗೆರೆ ಎಳೆದು, ಅಲ್ಲಿ ಮೊಳೆ ಹೊಡೆದ.

"ಮೇಲೆ ಕಟ್ಟಿದ್ರೆ ದೊಡ್ಡವ್ರು ನೋಡ್ತಾರೆ ಅಕ್ಕ," ಎಂದ. "ನಮ್ಗೆ ದೊಡ್ಡವ್ರು ಎಂತಕ್ಕೆ?"

ನಾನೂ ನಕ್ಕೆ. ನಕ್ಕಿದ್ದಷ್ಟೇ ಅಲ್ಲ, ಕಸುಬು ಅಂದರೆ ಹೀಗಿರಬೇಕು ಅಂತ ಮನಸ್ಸಿನಲ್ಲೇ ಮೆಚ್ಚಿಕೊಂಡೆ ಕೂಡ. ಇವತ್ತು ಅದನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳುವ ಅನ್ನಿಸುತ್ತದೆ.

ಆಮೇಲೆ ತಂಪು ಪಾನೀಯದ ಫ್ರಿಜ್ಜೂ ಬಂತು, ಪುಕ್ಕಟೆ. ಅದರಲ್ಲಿ ಕಂಪನಿಯ ಬಾಟಲಿ ಬಿಟ್ಟು ಬೇರೆ ಏನನ್ನೂ ಇಡುವಂತಿಲ್ಲ. ಒಮ್ಮೆ ಸೆಕೆ ತಡೆಯದೆ ಮಜ್ಜಿಗೆಯ ಚೊಂಬು ಇಟ್ಟಿದ್ದೆ. ಅವನು ಅದನ್ನು ಎತ್ತಿ ಹೊರಗಿಟ್ಟು, ಫ್ರಿಜ್ಜಿನ ಫೋಟೋ ತೆಗೆದು ಮೇಲಿನವರಿಗೆ ಕಳಿಸಬೇಕು, ಇದು ಕಂಡರೆ ನನ್ನ ಕೆಲಸ ಹೋಗುತ್ತದೆ ಎಂದು ಕೈಮುಗಿದ. ಮತ್ತೊಮ್ಮೆ ನಾನೇ ಕೇಳಿದ್ದೆ, ಇಷ್ಟು ತಿಂದರೂ ಈ ಮಕ್ಕಳಿಗೆ ಹೊಟ್ಟೆ ತುಂಬುವುದಿಲ್ಲವಲ್ಲ ಎಂದು. ತುಂಬಬಾರದು ಅಕ್ಕ, ತುಂಬಿದರೆ ಎರಡನೆಯದು ಯಾರು ಕೇಳುತ್ತಾರೆ ಅಂದ. ತನ್ನ ಮನೆಯ ಹಸು ಎಷ್ಟು ಹಾಲು ಕೊಡುತ್ತದೆ ಎಂದು ಹೇಳುವವರ ಹಾಗೆ, ಹೆಮ್ಮೆಯಿಂದ ಹೇಳಿದ.

ಮಗಳು ಶಾಲೆಯಿಂದ ನೇರ ಅಂಗಡಿಗೆ ಬರುತ್ತಿದ್ದಳು, ರಜೆಯಲ್ಲಿ ಇಡೀ ದಿನ ಅಲ್ಲೇ. ಜೂನ್ ಹತ್ತಿರವಾದಾಗ ನನಗೆ ತಲೆ ಎತ್ತಲು ಪುರುಸೊತ್ತಿಲ್ಲ. ಒಂದು ಪೊಟ್ಟಣ ಕೊಟ್ಟರೆ ಅವಳು ಮೂಲೆ ಹಿಡಿದು ಕೂರುತ್ತಿದ್ದಳು, ನನ್ನ ಮೆಷಿನ್ ನಿಲ್ಲುತ್ತಿರಲಿಲ್ಲ. ಒಂದು ಹೋಗಿ ಎರಡಾಯಿತು, ಜೊತೆಗೆ ಬಣ್ಣದ ನೀರಿನ ಬಾಟಲಿ ಸೇರಿತು. ಮನೆಯಲ್ಲಿ ಅನ್ನ, ಮೀನುಸಾರು ಬಟ್ಟಲಲ್ಲೇ ಉಳಿಯತೊಡಗಿತು. ಅಳತೆಗೆ ಬಂದ ಹೆಂಗಸರು ಅವಳ ಗಲ್ಲ ಹಿಂಡಿ, ಮೈಕೈ ತುಂಬಿಕೊಂಡಿದ್ದಾಳೆ, ತಾಯಿ ಚೆನ್ನಾಗಿ ನೋಡಿಕೊಳ್ಳುತ್ತಾಳೆ ಎನ್ನುತ್ತಿದ್ದರು. ನಾನು ಉಬ್ಬಿಹೋಗುತ್ತಿದ್ದೆ. ನನ್ನ ಗಂಡ ಭಟ್ಕಳ–ಕುಮಟಾ ಬಸ್ಸಿನ ಕಂಡಕ್ಟರು. ನಿನ್ನ ಮಗಳಿಗೆ ಇನ್ನು ಮುಂದೆ ಪೂರಾ ಟಿಕೆಟ್ಟೇ ಹರಿಯಬೇಕು ಎಂದು ಅವರು ತಮಾಷೆ ಮಾಡಿದರೆ, ಕಣ್ಣು ಹಾಕಬೇಡಿ ಎಂದು ಅವರ ಮೇಲೇ ಹರಿಹಾಯುತ್ತಿದ್ದೆ.

ಬೇರೆಯವರ ಮಕ್ಕಳಾಗಿದ್ದರೆ ವರ್ಷಕ್ಕೊಮ್ಮೆ ಟೇಪು ಹಿಡಿದಾಗ ನನಗೇ ಗಾಬರಿಯಾಗುತ್ತಿತ್ತೇನೋ. ಇವಳಿಗೆ ನಾನು ಟೇಪು ಹಿಡಿಯುತ್ತಲೇ ಇರಲಿಲ್ಲ. ಸ್ಕರ್ಟು ಬಿಗಿ ಎಂದರೆ ಒಂದು ಬೆರಳಗಲ ಬಿಚ್ಚುವುದು, ಎರಡು ತಿಂಗಳಿಗೆ ಮತ್ತೊಂದು ಬೆರಳು. ಒಳಗಿನ ಬಟ್ಟೆ ಮುಗಿದ ಮೇಲೆ ಬದಿಗೆ ಅದೇ ಬಣ್ಣದ ಪಟ್ಟಿ ಕೊಟ್ಟೆ. ಅವಳಿಗೆ ಒಂದು ದಿನವೂ ಬಟ್ಟೆ ಬಿಗಿಯಾಗಲಿಲ್ಲ. ಬಿಗಿಯಾದ ಬಟ್ಟೆಯಾದರೂ ನಮಗೆ ಹೇಳುತ್ತಿತ್ತು. ಅದರ ಬಾಯನ್ನು ನಾನೇ ಹೊಲಿದೆ.

ನಾಲ್ಕನೇ ಕ್ಲಾಸಿನಲ್ಲಿ ಅವಳ ಕುತ್ತಿಗೆಯ ಹಿಂದೆ ಕಪ್ಪು ಪಟ್ಟೆ ಕಾಣಿಸಿತು. ಮೊದಲು ಬಿಸಿಲಿಗೆ ಅಂದುಕೊಂಡೆ. ಒಂದು ದಿನ ಮಗಳು ಅಳುತ್ತ ಬಂದಳು. ಕುತ್ತಿಗೆಯಲ್ಲಿ ಕೊಳೆ ಕೂತಿದೆ, ಸರಿಯಾಗಿ ಸ್ನಾನ ಮಾಡಿ ಬಾ ಎಂದು ಟೀಚರು ಎಲ್ಲರ ಎದುರು ಹೇಳಿದರಂತೆ. ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಮಗಳಿಗೆ ಕೊಳೆಯೇ? ಕಡಲೆಹಿಟ್ಟು ಹಚ್ಚಿ ತಿಕ್ಕಿದೆ. ಲಿಂಬೆಹಣ್ಣು ಉಜ್ಜಿದೆ. ಹೋಗಲಿಲ್ಲ. ಕೊನೆಗೆ ತೆಂಗಿನ ನಾರು ತೆಗೆದುಕೊಂಡೆ. ಅವಳು ಉರಿ, ಉರಿ ಎಂದು ಬಚ್ಚಲಿನ ಗೋಡೆಗೆ ಅಂಟಿಕೊಂಡರೂ ಬಿಡದೆ, ತೋಳು ಹಿಡಿದು ಎಳೆದು ತಿಕ್ಕಿದೆ. ಚರ್ಮ ಸುಲಿದು ಕೆಂಪಾಯಿತು, ಒಣಗಿದ ಮೇಲೆ ಮತ್ತೆ ಕಪ್ಪು. ಇಷ್ಟಾದರೂ ಬುದ್ಧಿ ಬಂತೇ? ಇಲ್ಲ. ಅವಳ ಅಂಗಿಯ ಕಾಲರನ್ನು ಬಿಚ್ಚಿ, ಎತ್ತರ ಮಾಡಿ ಹೊಲಿದು, ಕುತ್ತಿಗೆ ಮುಚ್ಚಿಬಿಟ್ಟೆ.

ಆ ಕಾಲರನ್ನು ಕೆಳಗೆ ಸರಿಸಿ ನೋಡಿದವರು ಕುಮಟಾದ ಮಕ್ಕಳ ಡಾಕ್ಟರು. ಹೋದದ್ದು ಕೆಮ್ಮಿಗೆಂದು. ಬೆನ್ನಿಗೆ ಯಂತ್ರ ಇಟ್ಟು ಉಸಿರು ಕೇಳುತ್ತಿದ್ದ ಆಕೆಯ ಕೈ ಅಲ್ಲೇ ನಿಂತಿತು. ಈ ಗಾಯ ಹೇಗಾಯಿತು ಎಂದು ಕೇಳಿದರು. ತಿಕ್ಕಿದ್ದನ್ನು ಹೇಳಿದೆ.

"ಇದು ಕೊಳೆ ಅಲ್ಲ," ಎಂದರು. "ಒಳಗಿಂದ ಬಂದದ್ದು. ಎಷ್ಟು ತಿಕ್ಕಿದ್ರೂ ಹೋಗೂದಿಲ್ಲ."

ಮೈಯಲ್ಲಿ ಬೊಜ್ಜು ಹೆಚ್ಚಾಗಿ, ಸಕ್ಕರೆಯನ್ನು ಅರಗಿಸುವ ಕೆಲಸ ದಾರಿ ತಪ್ಪಿದಾಗ ಚರ್ಮದಲ್ಲಿ ಹೀಗೆ ಕಾಣಿಸುತ್ತದಂತೆ. ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳಿದರು. ನನ್ನ ತಾಯಿಗಿತ್ತು. ತೆಂಗಿನಗುಂಡಿಯಲ್ಲಿ ನನ್ನ ತವರು. ಅಲ್ಲಿ ದಂಡೆಯಲ್ಲಿ ಅವಳ ಪಾದಕ್ಕೆ ಚಿಪ್ಪು ಚುಚ್ಚಿತ್ತು, ಅಷ್ಟೇ. ಗಾಯ ಮಾಯಲಿಲ್ಲ. ಬೆರಳು ಕಪ್ಪಾಯಿತು, ಬೆರಳು ತೆಗೆದರು. ಪಾದ ಕಪ್ಪಾಯಿತು, ಪಾದ ತೆಗೆದರು. ದಿನಾ ಪಟ್ಟಿ ಬಿಚ್ಚಿ ತೊಳೆಯುತ್ತಿದ್ದವಳು ನಾನು. ಆ ವಾಸನೆ ಇವತ್ತಿಗೂ ನನ್ನ ಮೂಗಿನಲ್ಲಿದೆ. ಡಾಕ್ಟರ ಮುಂದೆ ಸ್ಟೂಲಿನ ಮೇಲೆ ಕೂತ ಮಗಳು ಕಾಲು ಅಲ್ಲಾಡಿಸುತ್ತಿದ್ದಳು. ಎರಡು ಪುಟ್ಟ ಪಾದಗಳು, ಉಗುರಿಗೆ ಗುಲಾಬಿ ಬಣ್ಣ. ನನಗೆ ಅವುಗಳ ಕಡೆ ನೋಡಲಾಗಲಿಲ್ಲ.

ಮರುದಿನ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟು, ಹೊಟ್ಟೆಯ ಸ್ಕ್ಯಾನಿಂಗೂ ಮಾಡಿಸಿ ರಿಪೋರ್ಟಿಗೆ ಕಾದೆವು. ಬೆಂಚಿನ ಮೇಲೆ ಕೂತಿದ್ದ ಆ ಎರಡು ಮೂರು ತಾಸು ನಾನು ಯಾವ ದೇವರನ್ನೂ ಬಿಡಲಿಲ್ಲ. ರಿಪೋರ್ಟು ನೋಡಿ ಡಾಕ್ಟರು, ಕಾಯಿಲೆ ಅನ್ನುವ ಹಾಗಿಲ್ಲ, ಆದರೆ ಹೊಸ್ತಿಲಿಗೆ ಬಂದಿದೆ ಎಂದರು. ಲಿವರಿನಲ್ಲಿ ಆಗಲೇ ಕೊಬ್ಬು ಕೂತಿದೆ. ಪೊಟ್ಟಣ, ಬಾಟಲಿ ಎರಡೂ ಬಂದಾಗಬೇಕು, ಊಟ ಮನೆಯದೇ ಆಗಬೇಕು, ದಿನಾ ನಡೆಸಬೇಕು, ಮೂರು ತಿಂಗಳಿಗೆ ಮತ್ತೆ ರಕ್ತ ನೋಡುವ. ಆಗಲೂ ಏರಿದ್ದರೆ ಔಷಧಿ ಶುರು ಮಾಡಬೇಕಾಗುತ್ತದೆ. ಇಷ್ಟೊಂದು ಎಲ್ಲಿ ಸಿಗುತ್ತದೆ ಈ ಮಗುವಿಗೆ ಎಂದೂ ಕೇಳಿದರು. ನಮ್ಮ ಅಂಗಡಿಯಲ್ಲೇ ಎಂದೆ. ತಲೆ ಎತ್ತಲಿಲ್ಲ.

ಬಸ್ಸು ಧಾರೇಶ್ವರ ದಾಟುವಾಗ ಎಂದಿನ ಹಾಗೆ ಕೈಮುಗಿದೆ. ಏನು ಬೇಡಿಕೊಳ್ಳಬೇಕೆಂದು ತೋಚಲಿಲ್ಲ. ಮಾಡಿದ್ದೆಲ್ಲ ನಾನೇ.

ಅಂಗಡಿಗೆ ಬಂದವಳೇ ಮಾಲೆಗಳನ್ನೆಲ್ಲ ಕಿತ್ತು ರಟ್ಟಿನ ಪೆಟ್ಟಿಗೆಗೆ ತುಂಬಿದೆ. ಅವನು ಬಂದಾಗ ಫ್ರಿಜ್ಜನ್ನೂ ಹೊತ್ತುಕೊಂಡು ಹೋಗು ಎಂದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಅವನು ತಿರುಗಿ ಬೈಯಲಿಲ್ಲ. ಮಗಳ ಕಡೆ ಒಂದು ಸಲ ನೋಡಿ, ಎಲ್ಲ ಪೊಟ್ಟಣದ ಹಿಂದೆ ಬರೆದೇ ಇರುತ್ತದೆ ಅಕ್ಕ, ಓದಿ ಕೊಡಬೇಕಿತ್ತು ಅಂದ. ಅವನು ಹೋದ ಮೇಲೆ ಅಂಗಡಿಯಲ್ಲೇ ಉಳಿದಿದ್ದ ಒಂದು ಪೊಟ್ಟಣ ತಿರುಗಿಸಿ ನೋಡಿದೆ. ಬರೆದಿತ್ತು, ಇಂಗ್ಲಿಷಿನಲ್ಲಿ, ಮಡಿಕೆ ಬಿದ್ದ ಜಾಗದಲ್ಲಿ, ಸಾಸಿವೆಗಿಂತ ಸಣ್ಣ ಅಕ್ಷರ. ಅತಿ ಸಪೂರದ ಸೂಜಿಗೂ ಮೊದಲ ಸಲಕ್ಕೇ ದಾರ ಪೋಣಿಸುವವಳು ನಾನು, ನನಗೆ ಒಂದು ಸಾಲು ಓದಲಾಗಲಿಲ್ಲ. ಆ ವಾರವೇ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಅವೇ ಮಾಲೆಗಳು ತೂಗಿದವು, ಅಷ್ಟೇ ಎತ್ತರದಲ್ಲಿ.

ಮನೆಯಲ್ಲಿ ನಾನು ಪೊಲೀಸಿನವಳಾದೆ. ಬೆಳಿಗ್ಗೆ ಬಂದರಿನ ತನಕ ನಡೆಸುವುದು, ಡಬ್ಬಿಗೆ ರಾಗಿ ರೊಟ್ಟಿ, ಬಸಳೆ, ಬಂಗಡೆ. ಒಂದು ದಿನ ಅವಳು ಹಟ ಹಿಡಿದಾಗ, ಹೆದರಿದರಾದರೂ ಬಿಡುತ್ತಾಳೆ ಎಂದು ಅಜ್ಜಿಯ ಪಾದದ ಕತೆಯನ್ನು ಒಂದೂ ಬಿಡದೆ ಹೇಳಿದೆ. ಹೇಳಬಾರದಿತ್ತು. ಅಂದಿನಿಂದ ಅವಳು ತುಟಿ ಪಿಟಕ್ಕೆನ್ನಲಿಲ್ಲ, ಕೊಟ್ಟದ್ದನ್ನು ತಿಂದಳು, ಕರೆದಲ್ಲಿಗೆ ಬಂದಳು. ನನ್ನ ಗಂಡ, ನೋಡು, ನೀನು ಸುಮ್ಮನೆ ಹೆದರುತ್ತಿದ್ದೆ ಎಂದರು. ಆದರೆ ಎರಡು ತಿಂಗಳಾದರೂ ಅವಳ ಸೊಂಟದ ಅಳತೆ ಇಳಿಯಲಿಲ್ಲ, ಅರ್ಧ ಬೆರಳು ಏರಿತ್ತು. ಪೊಟ್ಟಣ ಬಿಟ್ಟರೂ ಏರುತ್ತಿದೆ ಎಂದರೆ ಒಳಗೆ ಏನೋ ಕೆಟ್ಟೇಹೋಗಿದೆ, ಇನ್ನು ಉಳಿಗಾಲವಿಲ್ಲ ಎಂದೇ ನಂಬಿದೆ. ಅವಳು ನೀರು ಕುಡಿದರೂ ಎಷ್ಟು ಲೋಟ ಎಂದು ನೋಡುವುದು, ಮಲಗಿದ್ದಾಗ ಪಾದ ಮುಟ್ಟಿ ಬಿಸಿ ಇದೆಯೇ ನೋಡುವುದು. ಹೊಲಿಗೆಯಲ್ಲಿ ಮನಸ್ಸಿಲ್ಲದೆ ಯಾರದೋ ರವಿಕೆಗೆ ಎರಡೂ ಎಡತೋಳು ಕತ್ತರಿಸಿಬಿಟ್ಟೆ.

ಎರಡನೇ ರಕ್ತಪರೀಕ್ಷೆಗೆ ಎರಡು ವಾರವಿತ್ತು. ಶನಿವಾರ ಮಧ್ಯಾಹ್ನ ಮನೆಯಲ್ಲಿ ಅವಳ ಸ್ಕರ್ಟಿಗೆ ಇಸ್ತ್ರಿ ಹಾಕುತ್ತಿದ್ದೆ. ಪೆಟ್ಟಿಗೆ ಸೊಂಟದ ಹತ್ತಿರ ಹೋದಾಗ ಚರಕ್ ಅಂತು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು. ಒಳಗೆ ತಿರುಗಿಸಿ ನೋಡಿದರೆ ಒಂದು ಕಿಸೆ. ನಾನು ಹೊಲಿದದ್ದಲ್ಲ. ಕೈಹೊಲಿಗೆ, ಒತ್ತೊತ್ತಾಗಿ, ನೀಟಾಗಿ ಹಾಕಿದ್ದಳು. ನಾನು ಅವಳಿಗೆ ಹೊಲಿಗೆ ಕಲಿಸಿರಲಿಲ್ಲ, ಮೂಲೆಯಲ್ಲಿ ಕೂತು ನೋಡಿಯೇ ಕಲಿತಿದ್ದಳು. ಕಿಸೆಯಲ್ಲಿ ಮಡಚಿಟ್ಟ ಖಾಲಿ ಪೊಟ್ಟಣಗಳು.

ಅವಳು ಹೊರಗಿನಿಂದ ಬಂದಾಗ ನನ್ನ ಕೈಯಲ್ಲಿ ಅಳತೆ ಕೋಲಿತ್ತು. ಸಿಗಿದು ತೋರಣ ಕಟ್ಟುತ್ತೇನೆ ಎಂದೇ ಕಾದು ಕೂತಿದ್ದೆ. ಅವಳು ಸ್ಕರ್ಟು ನೋಡಿದಳು, ಕೋಲು ನೋಡಿದಳು, ಓಡಲಿಲ್ಲ. ಕೇಳುವ ಮೊದಲೇ ಎಲ್ಲ ಹೇಳಿದಳು. ಮಧ್ಯಾಹ್ನ ತನ್ನ ಡಬ್ಬಿಯನ್ನು ಗೆಳತಿಗೆ ಕೊಟ್ಟು ಅವಳ ಪೊಟ್ಟಣ ತಾನು ತೆಗೆದುಕೊಳ್ಳುತ್ತಿದ್ದಳಂತೆ. ಬಂಗಡೆ ಇದ್ದ ದಿನ ಎರಡು ಸಿಗುತ್ತಿತ್ತಂತೆ.

"ನಂಗೂ ಹೆದ್ರಿಕೆ ಆಗ್ತದೆ ಆಯಿ," ಎಂದಳು. "ಅಜ್ಜಿ ಕಾಲಿನ ಹಾಂಗೆ ಆಗ್ತದೆ ಅಂತ. ಹೆದ್ರಿಕೆ ಆದಾಗ್ಲೇ ಜಾಸ್ತಿ ಬೇಕು ಅನ್ನಿಸ್ತದೆ."

ನಾನು ಕೋಲು ಕೆಳಗಿಟ್ಟೆ. ಅವಳು ಬ್ಯಾಗಿನ ತಳಕ್ಕೆ ಕೈ ಹಾಕಿ ಇನ್ನೂ ಒಡೆಯದ ಒಂದು ಪೊಟ್ಟಣ ತೆಗೆದು ನನ್ನ ಕೈಯಲ್ಲಿಟ್ಟಳು. ನಾನು ಅದನ್ನು ಎಸೆಯಲು ಕಿಟಕಿಯ ಕಡೆ ತಿರುಗಿದೆ. ಅವಳು ನನ್ನ ಸೆರಗು ಹಿಡಿದಳು.

"ಹೊರಗೆ ಬಿಸಾಡಬೇಡ ಆಯಿ. ನಾ ಹೆಕ್ಕಂಡು ತಿಂತೆ."

ಹತ್ತು ವರ್ಷದ ಮಗು, ಕಣ್ಣಲ್ಲಿ ನೀರಿರಲಿಲ್ಲ, ಊಟಕ್ಕೆ ಎಂತ ಮಾಡಿದ್ದೀ ಎಂದು ಕೇಳುವಂಥ ಸಾದಾ ದನಿ. ನಾನು ಪೊಟ್ಟಣ ಹಿಡಿದುಕೊಂಡು ಒಳಗೆ ಹೋದೆ. ಅಟ್ಟ ನೋಡಿದೆ, ಕಪಾಟು ನೋಡಿದೆ, ಅಕ್ಕಿ ಡಬ್ಬಿಯ ಮುಚ್ಚಳ ತೆಗೆದು ಮತ್ತೆ ಹಾಕಿದೆ. ಅವಳ ಕೈಗೆ ಸಿಗದಂಥ ಜಾಗ ಆ ಮನೆಯಲ್ಲಿ ನನಗೆ ಒಂದೂ ಕಾಣಲಿಲ್ಲ.