ಅವ್ವನ ಅಂಬಾಸಡರಿಗೆ ಇಂಜೆಕ್ಷನ್

ಸೊಂಟದ ಕೀಲು ಬದಲಿಸಿದ ಮೇಲೆ ಅವ್ವ ನೋವಿಲ್ಲದೆ ಕೂರಬಲ್ಲ ವಾಹನವೆಂದರೆ ಅಪ್ಪ ಬಿಟ್ಟುಹೋದ ಅಂಬಾಸಡರ್ ಒಂದೇ. ಹೊಸ ಕಾರುಗಳ ಸೀಟು ತಗ್ಗು. ಕೂರಲು ಬಗ್ಗಬೇಕು, ಏಳಲು ಇಬ್ಬರು ಎತ್ತಬೇಕು. ಆಟೋದಲ್ಲಿ ಕಾಲು ಚಾಚಲು ಜಾಗವಿಲ್ಲ. ಬಸ್ಸಿನ ಮೆಟ್ಟಿಲ ಮಾತು ಬೇಡವೇ ಬೇಡ. ಅಂಬಾಸಡರಿನ ಹಿಂದಿನ ಸೀಟು ಮಾತ್ರ ನಮ್ಮ ಮನೆಯ ಮಂಚದಷ್ಟು ಎತ್ತರ. ಬಾಗಿಲು ತೆಗೆದರೆ ಅವ್ವ ಬೆನ್ನು ಒಳಗೆ ಮಾಡಿ ಕುಳಿತು, ಒಂದೊಂದೇ ಕಾಲನ್ನು ಮೇಲೆಳೆದುಕೊಂಡು, ಸೀಟಿನ ಉದ್ದಕ್ಕೆ ಚಾಚಿ, ಬಾಗಿಲಿಗೆ ಆನಿಸಿದ ದಿಂಬಿಗೆ ಒರಗಿಬಿಡುತ್ತಿದ್ದಳು.

ಅಪ್ಪ ಭಾಲ್ಕಿಯಲ್ಲಿ ವಿಜ್ಞಾನದ ಮಾಸ್ತರರಾಗಿದ್ದರು. ನಮ್ಮ ಓಣಿಗೆ ಮೊದಲು ಬಂದ ಕಾರು ಅದು, ಬಂದಾಗಲೇ ಹಳೆಯದು. ಹೆರಿಗೆಗೆ ಹೊರಟವರು, ಮದುವೆಯ ವರಗಳು, ಬುದ್ಧಪೂರ್ಣಿಮೆಗೆ ಬೀದರಿನ ಬುದ್ಧವಿಹಾರಕ್ಕೆ ಹೋಗುವ ಮುದುಕಿಯರು, ಎಲ್ಲರೂ ಅದರಲ್ಲಿ ಕೂತವರೇ. ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನ ಜೊತೆ ಬೀದರಿಗೆ ಬಂದಳು, ಕಾರೂ ಬಂತು. ನಾನು ಇಲ್ಲಿ ಪಾಲಿಟೆಕ್ನಿಕ್ ಒಂದರಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತೇನೆ.

ಅವ್ವನ ಅಕ್ಕ ಔರಾದದಲ್ಲಿ ಇದ್ದಾಳೆ. ಅವಳಿಗೆ ಕಣ್ಣು ಮಂಜು, ಕಿವಿಯೂ ಅಷ್ಟಕ್ಕಷ್ಟೇ. ಫೋನಿನಲ್ಲಿ ಇಬ್ಬರೂ ಒಬ್ಬರ ಮೇಲೊಬ್ಬರು ಕೂಗಾಡಿ, ಯಾರಿಗೂ ಏನೂ ತಿಳಿಯದೆ ಇಟ್ಟುಬಿಡುತ್ತಿದ್ದರು. ಅವರ ಮಾತು ನಡೆಯುವುದು ಪಕ್ಕದಲ್ಲಿ ಕೂತು, ಕೈ ಹಿಡಿದುಕೊಂಡಾಗ ಮಾತ್ರ. ಹಾಗಾಗಿ ತಿಂಗಳಿಗೊಮ್ಮೆಯಾದರೂ ಅವ್ವನನ್ನು ಔರಾದಕ್ಕೆ ಕರೆದುಕೊಂಡು ಹೋಗುತ್ತಿದ್ದೆ.

ಒಂದು ಬೇಸಿಗೆಯಲ್ಲಿ ಹಾಗೆ ಹೋಗುವಾಗ ಕಾರು ಸಂತಪುರದ ಹತ್ತಿರ ನಿಂತುಹೋಯಿತು. ಬಾನೆಟ್ ಎತ್ತಿದರೆ ಪೆಟ್ರೋಲಿನ ಘಾಟು. ಗಾಳಿಗೆ ಪೆಟ್ರೋಲ್ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬುರೇಟರಿನೊಳಗೆ ಅದು ಕುದಿಯುತ್ತಿತ್ತು. ನಮ್ಮ ಕಡೆಯ ಬಿಸಿಲಿಗೆ ಹಳೆಯ ಕಾರುಗಳಿಗೆಲ್ಲ ಇದೇ ಕಾಯಿಲೆ: ಪೆಟ್ರೋಲ್ ಆವಿಯಾಗಿ ಪೈಪು ಕಟ್ಟುತ್ತದೆ, ಇಂಜಿನ್ನಿಗೆ ಹನಿಯೂ ಸಿಗುವುದಿಲ್ಲ. ಹಸಿ ಬಟ್ಟೆ ಸುತ್ತಿ ಕಾದೆ, ಮತ್ತೆ ಸುತ್ತಿದೆ. ಒಬ್ಬ ಪುಣ್ಯಾತ್ಮ ತನ್ನ ಕಾರು ನಿಲ್ಲಿಸಿ ಕರೆದ. ಅವ್ವ ಆ ತಗ್ಗು ಸೀಟು ನೋಡಿ, ಬೇಡವೆಂದು ಕೈಯಾಡಿಸಿದಳು. ಜಾಲಿ ಮರದ ಚೂರು ನೆರಳಲ್ಲಿ ಸಂಜೆಯವರೆಗೆ ಕೂತೆವು. ಬಿಸಿಲು ಇಳಿದ ಮೇಲೆ ಇಂಜಿನ್ ಹೊತ್ತಿಕೊಂಡಿತು. ನಾನು ಬೀದರಿನ ಕಡೆಗೇ ತಿರುಗಿಸಿದೆ. ದೊಡ್ಡವ್ವ ಮಧ್ಯಾಹ್ನದಿಂದ ಬಾಗಿಲಲ್ಲೇ ಕೂತಿದ್ದಳೆಂದು ಮರುದಿನ ತಿಳಿಯಿತು.

ಕಾರನ್ನು ಗುಜರಿಗೆ ಹಾಕೆಂದು ಸಹೋದ್ಯೋಗಿಗಳು ಮೊದಲಿನಿಂದಲೂ ಹೇಳುತ್ತಿದ್ದರು. ಅವ್ವನನ್ನು ಕೇಳಿದೆ.

"ಗುಜರಿ ಯಾಕ?" ಎಂದಳು. "ನೀ ಸಾಲ್ಯಾಗ ಪೋರಗೋಳಿಗಿ ಅದೇನೋ ಕರೆಂಟಿನ ವಿದ್ಯಾ ಕಲಸ್ತಿ ಅಲ್ಲ. ಅದ್ರಾಗ ಈ ಗಾಡಿಗೊಂದು ಮದ್ದು ಇರಂಗಿಲ್ಲೇನು?"

ಮದ್ದು ಇತ್ತು. ಈಗಿನ ಕಾರುಗಳಲ್ಲಿ ಕಾರ್ಬುರೇಟರ್ ಇಲ್ಲ. ಪಂಪು ಪೆಟ್ರೋಲನ್ನು ಒತ್ತಡದಲ್ಲಿ ತಳ್ಳುತ್ತದೆ, ಒಂದು ಸಣ್ಣ ಕಂಪ್ಯೂಟರ್ ಇಂಜಿನ್ನಿನ ಬಿಸಿ, ವೇಗ, ಗಾಳಿ ನೋಡಿಕೊಂಡು ಎಷ್ಟು ಬೇಕೋ ಅಷ್ಟನ್ನೇ ಚಿಮ್ಮಿಸುತ್ತದೆ, ಮಿಕ್ಕಿದ್ದು ಟ್ಯಾಂಕಿಗೆ ಮರಳುತ್ತದೆ. ಒತ್ತಡದಲ್ಲಿ ಓಡಾಡುವ ಪೆಟ್ರೋಲ್ ಸುಲಭಕ್ಕೆ ಕುದಿಯುವುದಿಲ್ಲ. ಸಿದ್ಧ ಕಿಟ್ಟು ವಿದೇಶದಿಂದ ತರಿಸುವುದು ನನ್ನ ಕೈಲಾಗದ ಮಾತು. ಆದರೆ ಆ ಕಂಪ್ಯೂಟರಿನ ಬೋರ್ಡನ್ನು ಬಿಡಿಭಾಗ ತಂದು ನಾನೇ ಬೆಸೆಯಬಲ್ಲೆ. ಉಳಿದದ್ದೆಲ್ಲ ಗುಜರಿಯಲ್ಲಿ ಬಿದ್ದ ಸಣ್ಣ ಕಾರುಗಳಲ್ಲಿ ಸಿಗುತ್ತದೆ.

ಕೈಗೂಡದ್ದು ಕಬ್ಬಿಣದ ಕೆಲಸ. ಅದಕ್ಕೆ ಹಳೇ ಬೀದರಿನಲ್ಲಿ ನಮ್ಮ ಕಾರನ್ನು ಬಹಳ ದಿನದಿಂದ ರಿಪೇರಿ ಮಾಡುತ್ತಿದ್ದ ಮೇಸ್ತ್ರಿಯ ಗ್ಯಾರೇಜಿಗೆ ಹೋದೆ. ಕಾರ್ಬುರೇಟರ್ ಎಂದರೆ ಊರಲ್ಲಿ ಅವರದೇ ಹೆಸರು. ನನ್ನ ಮಾತು ಕೇಳಿ ಅವರು ಸ್ಪ್ಯಾನರ್ ಕೆಳಗಿಟ್ಟರು.

"ಬೇಜಾರ್ ಮಾಡ್ಕೋಬ್ಯಾಡ್ರಿ ಮೇಡಂ. ಇದರ ಸದ್ದು ಕಿವೀಲೆ ಕೇಳಿ ನಾ ಹೊಂದಸ್ತೇನಿ. ಕಂಪ್ಯೂಟರ್ ಬಂದ್ರ ನನ್ನ ಕಿವಿ ಏನ್ ಮಾಡಬೇಕ್ರಿ?"

"ಕಂಪ್ಯೂಟರಿಗೆ ಏನು ಹೇಳಬೇಕು ಅನ್ನೋದನ್ನ ನಿಮ್ಮ ಕಿವಿಯೇ ಹೇಳಬೇಕು" ಎಂದೆ. ಓಲೈಸಲು ಹೇಳಿದ್ದಲ್ಲ, ನನಗೆ ಇಂಜಿನ್ನಿನ ಸದ್ದು ಸದ್ದಷ್ಟೇ ಆಗಿತ್ತು.

ಅವರು ಚಹಾ ತರಿಸಿ ಕುಡಿದು ಮುಗಿಸಿದರು. ಆಮೇಲೆ ಒಂದೇ ಷರತ್ತು ಹಾಕಿದರು: ಇಂಜಿನ್ನಿನ ಒಂದು ಭಾಗವನ್ನೂ ಕೊಯ್ಯಬಾರದು, ನಾಳೆ ಕೆಟ್ಟರೆ ಹಳೆಯ ಕಾರ್ಬುರೇಟರ್ ಮತ್ತೆ ಕೂರುವಂತಿರಬೇಕು. ಒಪ್ಪಿದೆ.

ಗುಜರಿಯಿಂದ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರು, ಪಂಪು, ಸೆನ್ಸರುಗಳನ್ನು ಆರಿಸಿ ತಂದೆವು. ಕಾರ್ಬುರೇಟರ್ ಕೂರುತ್ತಿದ್ದ ಜಾಗಕ್ಕೆ ಅವರು ದಪ್ಪ ಅಲ್ಯೂಮಿನಿಯಂ ಪ್ಲೇಟು ಕೊರೆದರು. ಇಂಜಿನ್ ಎಷ್ಟು ತಿರುಗಿತೆಂದು ಕಂಪ್ಯೂಟರಿಗೆ ತಿಳಿಸಲು ಅದರ ಮುಂದಿನ ಪುಲ್ಲಿ ಗಾಲಿಗೆ ಹಲ್ಲಿನ ಚಕ್ರ ಬೇಕಿತ್ತು. ಅದನ್ನು ಲೇತಿನಲ್ಲಿ ಕಡೆಸಿದರು. ನಾನು ಕಾಲೇಜು ಮುಗಿಸಿ ಬಂದು ಊಟದ ಮೇಜಿನ ಮೇಲೆ ಬೋರ್ಡು ಬೆಸೆಯುತ್ತಿದ್ದೆ. ಎದುರಿಗೆ ತೊಗರಿಬೇಳೆ ಆರಿಸುತ್ತ ಅವ್ವ ಹೊಗೆಗೆ ಕೆಮ್ಮುತ್ತಿದ್ದಳು, ಎದ್ದು ಮಾತ್ರ ಹೋಗುತ್ತಿರಲಿಲ್ಲ.

ಮೊದಲ ಸಲ ಪಂಪು ಹಾಕಿದಾಗ ಒಂದು ಜೋಡಣೆ ಬಿಚ್ಚಿಕೊಂಡು ಪೆಟ್ರೋಲ್ ಕಾರಂಜಿಯಂತೆ ಬಾನೆಟ್ಟಿನ ತುಂಬ ಚಿಮ್ಮಿತು. ಮೇಸ್ತ್ರಿ ಕಣ್ಣು ಮಿಟುಕಿಸುವಷ್ಟರಲ್ಲಿ ಬ್ಯಾಟರಿಯ ತಂತಿ ಕಿತ್ತರು. ಇಂಜಿನ್ ತಣ್ಣಗಿದ್ದದ್ದೇ ಪುಣ್ಯ. ಅಂದು ಕೆಲಸ ನಿಲ್ಲಿಸಿದೆವು. ಮರುದಿನ ಎಲ್ಲ ಪೈಪುಗಳನ್ನೂ ಒತ್ತಡ ತಡೆಯುವಂಥವಕ್ಕೆ ಬದಲಿಸಿದೆವು. ಇಂಜಿನ್ ನಿಂತರೆ ಪಂಪೂ ತಾನಾಗಿ ನಿಲ್ಲುವಂತೆ ನಾನು ರಿಲೇ ಸ್ವಿಚ್ಚು ಹಾಕಿದೆ.

ಆಮೇಲೆ ಇಂಜಿನ್ ಹೊತ್ತಿತು, ಆದರೆ ಹುಚ್ಚು ಹಿಡಿದಂತೆ ಏರಿ ಆರಿಹೋಯಿತು. ಪ್ಲೇಟಿನ ಒಂದು ಮೂಲೆ ಸೊಟ್ಟಗಿದ್ದು ಅಲ್ಲಿಂದ ಗಾಳಿ ಎಳೆಯುತ್ತಿತ್ತು. "ಇದು ನನ್ನ ತಪ್ಪರಿ" ಎಂದು ಮೇಸ್ತ್ರಿ ಪ್ಲೇಟನ್ನು ಗಾಜಿನ ಮೇಲಿಟ್ಟು ಮರಳುಕಾಗದದಲ್ಲಿ ಸಪಾಟು ಮಾಡಿದರು. ಇಂಜಿನ್ ನಿಂತಲ್ಲಿ ನೆಟ್ಟಗೆ ನಡೆಯತೊಡಗಿತು. ರಸ್ತೆಗಿಳಿಸಿ ಆಕ್ಸಿಲರೇಟರ್ ತುಳಿದರೆ ಮಾತ್ರ ಯಾರೋ ಕುತ್ತಿಗೆ ಹಿಚುಕಿದಂತೆ ಬಿಕ್ಕುತ್ತಿತ್ತು.

ಆ ಬಿಕ್ಕಳಿಕೆ ನನ್ನನ್ನು ವಾರಗಟ್ಟಲೆ ಆಡಿಸಿತು. ಬೋರ್ಡು ಬಿಚ್ಚಿ ಮತ್ತೆ ಬೆಸೆದೆ. ಪರೀಕ್ಷಾ ಕೊಠಡಿಯ ಮೇಲ್ವಿಚಾರಣೆಯಲ್ಲೂ ತಲೆಯಲ್ಲಿ ಅದೇ. ಒಂದು ಸಂಜೆ ಗ್ಯಾರೇಜಿಗೆ ಹೋದರೆ ಮೇಸ್ತ್ರಿ ಹಳೆಯ ಕಾರ್ಬುರೇಟರನ್ನು ತೊಳೆದು ಒರೆಸಿ ಬೆಂಚಿನ ಮೇಲಿಟ್ಟಿದ್ದರು.

"ಕೂಡಸ್ಲೇನ್ರಿ? ಅಮ್ಮಾ ಅಕ್ಕನ ಮನಿಗಿ ಹೋಗ್ಲಾರದೆ ಕುಂತಾರ. ನಿಮ್ಮ ಮಾರಿ ನೋಡಿದ್ರ ನನಗೂ ಊಟ ಸೇರವಲ್ದು."

"ಬೇಡ" ಎಂದೆ. "ಅದನ್ನ ಹಾಕಿದರೆ ಬರುವ ಬೇಸಿಗೆಗೆ ಮತ್ತೆ ಅದೇ ಜಾಲಿ ಮರದ ಕೆಳಗೆ ಕೂರಬೇಕು. ನಾನು ಕೂರೋದಿಲ್ಲ."

ಅವರು ಕಾರ್ಬುರೇಟರನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟರು. ನಾನು ವಿದ್ಯುತ್ತಿನ ಅಲೆಯನ್ನು ತೆರೆಯ ಮೇಲೆ ತೋರಿಸುವ ಕಾಲೇಜಿನ ಆಸಿಲೋಸ್ಕೋಪನ್ನು ಅನುಮತಿ ಪಡೆದು ಹೊತ್ತು ತಂದು, ಹಲ್ಲಿನ ಚಕ್ರದ ಸೆನ್ಸರಿನ ತಂತಿಗೆ ಹಚ್ಚಿದೆ. ಇಂಜಿನ್ ವೇಗ ಏರಿದಂತೆಲ್ಲ ಅಲೆಯ ನಡುವೆ ಮುಳ್ಳುಗಳು ಎದ್ದವು. ಸ್ಪಾರ್ಕ್ ಪ್ಲಗ್ಗಿನ ವೈರಿನ ಮಗ್ಗುಲಲ್ಲೇ ನಾನು ಸೆನ್ಸರಿನ ತಂತಿ ಎಳೆದಿದ್ದೆ. ಕಿಡಿಯ ಗದ್ದಲವನ್ನೆಲ್ಲ ಪಾಪದ ಕಂಪ್ಯೂಟರ್ ಚಕ್ರದ ಹಲ್ಲೆಂದೇ ಎಣಿಸುತ್ತಿತ್ತು. ಗದ್ದಲ ತಡೆಯುವ ಲೋಹದ ಹೊದಿಕೆಯಿರುವ ತಂತಿ ತಂದು ಇಂಜಿನ್ನಿನ ಇನ್ನೊಂದು ಬದಿಯಿಂದ ಸುತ್ತಿಸಿದೆ. ಮೇಸ್ತ್ರಿ ಒಂದು ಸುತ್ತು ಓಡಿಸಿ ಬಂದರು. ಬಿಕ್ಕಳಿಕೆ ಇರಲಿಲ್ಲ.

ಇನ್ನು ಉಳಿದದ್ದು ಯಾವ ವೇಗಕ್ಕೆ ಎಷ್ಟು ಪೆಟ್ರೋಲ್ ಎಂದು ಕಲಿಸುವ ಕೆಲಸ. ಅದಕ್ಕೆ ರಸ್ತೆಯಲ್ಲೇ ಓಡಿಸಬೇಕು, ಲ್ಯಾಪ್‌ಟಾಪಿನಲ್ಲಿ ಗಾಳಿ ಮತ್ತು ಪೆಟ್ರೋಲಿನ ಪ್ರಮಾಣ ಓದುತ್ತಿರಬೇಕು. ಮೇಸ್ತ್ರಿಯ ಕಿವಿ ಇಂಜಿನ್ನಿನ ಮೇಲಿರಬೇಕು; ನಾನು ಸ್ಟೇರಿಂಗ್ ಹಿಡಿದು ಓದಲಾರೆ. ಅವ್ವ ಕೇಳಿಸಿಕೊಂಡು, "ನಾ ಓದ್ತೇನಿ" ಎಂದಳು. ಏಳನೇ ಇಯತ್ತೆಯವರೆಗೆ ಶಾಲೆ ಕಲಿತವಳು. ಅಂಕಿ ಅಂಗೈಯಷ್ಟು ದೊಡ್ಡದಾಗಿ ಕಾಣುವಂತೆ ಮಾಡಿ ಅವಳ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟೆ.

"ಒಂದು ಪಾಲು ಪೆಟ್ರೋಲಿಗೆ ಎಷ್ಟು ಪಾಲು ಗಾಳಿ ಅನ್ನೋದು ಈ ಅಂಕಿ. ಹದಿನಾಲ್ಕೂವರೆ ಸುತ್ತಮುತ್ತ ಇದ್ದರೆ ಸರಿ. ಹದಿನಾರು ದಾಟಿದರೆ ಪೆಟ್ರೋಲ್ ಸಾಲದು. ಹನ್ನೆರಡಕ್ಕಿಂತ ಇಳಿದರೆ ಹೆಚ್ಚಾಯ್ತು."

"ಅಂದ್ರ ಹದಿನಾರು ಉಪಾಸ, ಹನ್ನೊಂದು ಅಜೀರ್ಣ" ಎಂದಳು ಅವ್ವ.

ಭಾಲ್ಕಿ ರಸ್ತೆಯಲ್ಲಿ ಹೊರಟೆವು. ಹಿಂದಿನಿಂದ ಅವಳ ದನಿ ಬರುತ್ತಲೇ ಇತ್ತು: "ಹದಿನಾಲ್ಕು... ಹದಿನೈದು... ಉಪಾಸ ಬಿತ್ತು." ಪಕ್ಕದಲ್ಲಿ ಮೇಸ್ತ್ರಿ ಕಣ್ಣು ಮುಚ್ಚಿ ಕೂತು, "ಇಲ್ಲಿ ಝರಾ ಗುರುಗುಡ್ತಾದ್ರಿ, ಏರಿಗಿ ಹೆಚ್ಚಿಗಿ ಬೇಕು" ಎನ್ನುತ್ತಿದ್ದರು. ರಸ್ತೆಯ ಬದಿಗೆ ನಿಲ್ಲಿಸಿ ಇಬ್ಬರ ಮಾತನ್ನೂ ಕಂಪ್ಯೂಟರಿನ ಪಟ್ಟಿಗೆ ತುಂಬುತ್ತಿದ್ದೆ, ಮತ್ತೆ ಹೊರಡುತ್ತಿದ್ದೆ. ಅವರ ಕಿವಿಯೂ ಅವಳ ಅಂಕಿಯೂ ಒಂದಾದಲ್ಲಿ ನಾನು ನಂಬುತ್ತಿದ್ದೆ. ಒಂದಾಗದಿದ್ದಲ್ಲಿ ಆ ಏರನ್ನೇ ಮತ್ತೆ ಹತ್ತುತ್ತಿದ್ದೆವು. ಕಬ್ಬಿನ ಟ್ರ್ಯಾಕ್ಟರಿನವನೊಬ್ಬ, ನಾವು ತಿರುತಿರುಗಿ ಬರುವುದನ್ನು ನೋಡಿ, ದಾರಿ ತಪ್ಪಿದಿರೇನು ಎಂದು ವಿಚಾರಿಸಿದ.

ಮತ್ತೆ ಬೇಸಿಗೆ ಬಂದು ಬಿಸಿಲು ಬಲಿಯುವವರೆಗೆ ಕಾದೆ. ಬೇಸಿಗೆಯ ನಡುಹಗಲಿನಲ್ಲೇ ಔರಾದಕ್ಕೆ ಹೊರಡಬೇಕೆಂಬ ಹಟ ನನ್ನದು. ತಂಪು ಹೊತ್ತಿನಲ್ಲಿ ಹೋದರೆ ಅದು ಪರೀಕ್ಷೆಯೇ ಅಲ್ಲ. ಮೇಸ್ತ್ರಿಯೂ ನಮ್ಮ ಜೊತೆ ಹೊರಟರು. ಸಂತಪುರದಲ್ಲಿ ಬೇಕೆಂದೇ ಇಂಜಿನ್ ಆರಿಸಿ, ಚಹಾ ಕುಡಿದು, ಇನ್ನಷ್ಟು ಹೊತ್ತು ಸುಮ್ಮನೆ ಕೂತೆವು. ಕಾದ ಇಂಜಿನ್ ನಿಂತಾಗಲೇ ಪೆಟ್ರೋಲ್ ಕುದಿಯುವುದು ಜಾಸ್ತಿ. ಕೀಲಿ ತಿರುಗಿಸಿದೆ. ಪಂಪು ಗುಂಯ್ ಎಂದಿತು. ಮೊದಲ ತಿರುವಿಗೇ ಇಂಜಿನ್ ಹೊತ್ತಿಕೊಂಡಿತು. ಮೇಸ್ತ್ರಿ ಕಿಟಕಿಯಾಚೆ ನೋಡುತ್ತ, "ನಡೀರಿ" ಎಂದರು.

ದೊಡ್ಡವ್ವ ಬಾಗಿಲಲ್ಲಿದ್ದಳು. ಕಾರಿನ ಹತ್ತಿರ ಬಂದು ತಡಕಾಡಿ ಅವ್ವನ ಕೈ ಹಿಡಿದು, "ಇಷ್ಟು ದಿನ ಎಲ್ಲಿ ಸತ್ತಿದ್ದಿ?" ಎಂದು ಬೈದಳು. ಅವ್ವ ನಕ್ಕಳು, ಆಮೇಲೆ ಇಬ್ಬರೂ ಅತ್ತರು. ನಾವು ಊಟಕ್ಕೆ ಕೂತೆವು. ಮೇಸ್ತ್ರಿಗೆ ದೊಡ್ಡವ್ವ ತಾನೇ ಮುಂದೆ ನಿಂತು ಜೋಳದ ರೊಟ್ಟಿ ಬಡಿಸಿದಳು. ಊಟದ ನಡುವೆ, ಕಮಲನಗರದಲ್ಲಿ ಒಬ್ಬರ ಹಳೇ ಜೀಪಿದೆ, ಅದಕ್ಕೂ ಇದನ್ನೇ ಕೂಡಿಸಬಹುದೇ ಎಂದು ಅವರು ತಗ್ಗಿದ ದನಿಯಲ್ಲಿ ನನ್ನನ್ನು ಕೇಳಿದರು.

"ಬೋರ್ಡು ನಾನು ಮಾಡ್ತೀನಿ" ಎಂದೆ.

"ಪ್ಲೇಟು ಈ ಸಲ ಸೊಟ್ಟ ಆಗಂಗಿಲ್ರಿ."

ಅಷ್ಟರಲ್ಲಿ ಅಕ್ಕತಂಗಿಯರು ಏನೋ ನಿರ್ಧರಿಸಿಬಿಟ್ಟಿದ್ದರು. ಅವರು ಹುಟ್ಟಿದ್ದು ಸಾಯಗಾಂವದಲ್ಲಿ. ಇಬ್ಬರೂ ಕೂಡಿ ಅಲ್ಲಿಗೆ ಹೋಗಿ ಎಷ್ಟು ಕಾಲವಾಯಿತೆಂದು ಇಬ್ಬರಿಗೂ ನೆನಪಿರಲಿಲ್ಲ. "ಗಾಡಿ ಛಲೋ ಆಗ್ಯಾದ ಅಂತಿ, ಮತ್ತ ಸಾಯಗಾಂವಕ್ಕ ನಡಿ" ಎಂದಳು ಅವ್ವ. ಇಷ್ಟು ಬಿಸಿಲಲ್ಲಿ ಬೇಡ, ಸಂಜೆಯಾಗಲಿ ಎನ್ನಲು ನನಗೇ ಬಾಯಿ ಬರಲಿಲ್ಲ. ದೊಡ್ಡವ್ವ ಮುಂದಿನ ಸೀಟಿಗೆ ಬಂದಳು, ಮೇಸ್ತ್ರಿ ಅವ್ವನ ಕಾಲು ತಾಗದಂತೆ ಹಿಂದೆ ಮುದುರಿ ಕೂತರು. ಊರು ದಾಟುವಷ್ಟರಲ್ಲಿ ಅಕ್ಕತಂಗಿಯರು ಸಾಯಗಾಂವದ ಬಾವಿ ಮನೆಯ ಮುಂದಿತ್ತೋ ಹಿತ್ತಲಲ್ಲಿತ್ತೋ ಎಂದು ಜಗಳ ಶುರುಮಾಡಿದ್ದರು. ಹೋಗಿ ನೋಡಿದಾಗ ಬಾವಿ ಗುರುತೂ ಸಿಗದಂತೆ ಮುಚ್ಚಿಹೋಗಿತ್ತು. ಇಬ್ಬರೂ ತಾವು ಹೇಳಿದ್ದೇ ಸರಿ ಎಂದರು.