ಅಕ್ಕನ ಫಾರಂನಲ್ಲಿ ಅಪ್ಪನ ನಂಬರ್

ಅಕ್ಕನ ಪತ್ರ ಹುಡುಕಿಕೊಂಡು ಹೋದ ದಿನ ಗಾಳಿ ಇತ್ತೋ ಇಲ್ಲವೋ, ಅದೇ ಅನುಮಾನ. ನಾನು ಚಿಕ್ಕವನಿದ್ದಾಗ ಕೆಜಿಎಫ್‌ನಲ್ಲಿ ಗಾಳಿ ಎದ್ದರೆ ಚಿನ್ನ ತೆಗೆದು ಉಳಿದ ಮಣ್ಣು ಸುರಿದ ಸೈನೈಡ್ ದಿಬ್ಬದ ಬಿಳಿ ಪುಡಿ ಹಾರಿ ಬಂದು ಹಲ್ಲಿನಲ್ಲಿ ಕರಕರ ಎನ್ನುತ್ತಿತ್ತು. ಆ ದಿನವನ್ನು ನೆನೆದಾಗಲೆಲ್ಲ ಬಾಯಲ್ಲಿ ಅದೇ ಕರಕರ. ಅದು ಆ ದಿನದ್ದೇ ಪುಡಿಯೋ, ಬೇರೆ ದಿನದ್ದನ್ನು ನಾನೇ ತಂದು ಸೇರಿಸಿದೆನೋ, ಮಕ್ಕಳೇ, ಪ್ರಮಾಣ ಮಾಡಿ ಹೇಳಲಾರೆ.

ಅಪ್ಪ ಚಿನ್ನದ ಗಣಿಯಲ್ಲಿ ನೆಲದಡಿಯ ಕೆಲಸದಲ್ಲಿದ್ದ. ನಮ್ಮ ಸಾಲುಮನೆಗಳ ಲೈನಿನ ಕೊನೆಗೆ ತಗಡಿನ ಮಾಡಿನ ಒಂದು ಕೋಣೆ ಇತ್ತು. ಎಲ್ಲರೂ ಅದನ್ನು ಸೆಂಟರ್ ಅನ್ನುತ್ತಿದ್ದರು. ಎಲ್ಲಿ ಕೆಲಸ ಖಾಲಿ ಇದೆ, ಯಾವ ಶಾಲೆಯಲ್ಲಿ ಸೀಟು ಇದೆ ಎಂದು ಅಲ್ಲಿಯ ಟೀಚರಮ್ಮ ಕರಿಹಲಗೆಯ ಮೇಲೆ ಬರೆದಿಡುತ್ತಿದ್ದರು, ಫಾರಂ ತರಿಸಿ ಕೊಡುತ್ತಿದ್ದರು. ಅಕ್ಕ ಅಲ್ಲಿಂದಲೇ ನರ್ಸ್ ತರಬೇತಿಗೆ ಅರ್ಜಿ ಹಾಕಿದ್ದಳು. ನಾನು ಹೇಳುತ್ತಿರುವ ದಿನದ ಮರುದಿನ ಬೆಳಿಗ್ಗೆ ಬಂಗಾರಪೇಟೆಯಲ್ಲಿ ಸಂದರ್ಶನ. ಜೊತೆಗೆ ಹಾಕಿದ ಹುಡುಗಿಯರಿಗೆಲ್ಲ ಪತ್ರ ಬಂದಿತ್ತು, ಅಕ್ಕನಿಗೆ ಬಂದಿರಲಿಲ್ಲ. ಪತ್ರವಿಲ್ಲದಿದ್ದರೆ ಒಳಗೆ ಬಿಡುವುದಿಲ್ಲ.

ಮಧ್ಯಾಹ್ನ ಅಂಚೆಯವನು ನಮ್ಮ ಮನೆ ದಾಟಿ ಹೋದ. ಅಕ್ಕ ನನ್ನ ಕೈ ಹಿಡಿದುಕೊಂಡು ಸೆಂಟರಿಗೆ ಓಡಿದಳು. ಟೀಚರಮ್ಮ ಫಾರಂನ ಕಾರ್ಬನ್ ನಕಲು ತೆಗೆದು, ಬೆರಳಿಟ್ಟು, ಮನೆ ನಂಬರ್ ಓದಿದರು. ಅದು ಅಪ್ಪನ ಟೋಕನ್ ನಂಬರ್. ಗಣಿಗೆ ಇಳಿಯಲು, ಆಸ್ಪತ್ರೆ ಚೀಟಿಗೆ, ಅಕ್ಕಿ ತರಲು, ಎಲ್ಲಕ್ಕೂ ನಮ್ಮ ಮನೆಯಲ್ಲಿ ಹೇಳುತ್ತಿದ್ದದ್ದು ಅದೊಂದೇ ನಂಬರ್. ಬಾಗಿಲ ಪಕ್ಕದ ಗೋಡೆಯ ನಂಬರನ್ನು ಯಾರೂ ಕೇಳುತ್ತಿರಲಿಲ್ಲ. ಹಬ್ಬಕ್ಕೆ ಬಳಿದ ಸುಣ್ಣದಡಿ ಅದು ಮುಚ್ಚಿಹೋಗಿತ್ತು. ಅಕ್ಕನ ಅಕ್ಷರ ಕಾಗೆಕಾಲು, ಗುಬ್ಬಿಕಾಲು. ನನ್ನದು ದುಂಡಗೆ. ಹಾಗಾಗಿ ಫಾರಂ ತುಂಬಿದವನು ನಾನು.

"ಆ ನಂಬರಿನ ಮನೆ ದಿಬ್ಬದ ಆಚೆ ಲೈನಿನಲ್ಲಿದೆ. ಹೋಗಿ ನೋಡಿ," ಎಂದರು ಟೀಚರಮ್ಮ.

ಆ ಮನೆಗೆ ಬೀಗ. ಪಕ್ಕದ ಮನೆಯ ಅಜ್ಜಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. "ಮದ್ವೆಗೆ ಓಗವ್ರೆ. ಇನ್ನ ಮೂರು ದಿನ ಬರಲ್ಲ," ಅಂದಳು. ಆಮೇಲೆ ನನ್ನನ್ನು ನೋಡಿ, "ಯಾಕ್ಲಾ ಅಂಗೆ ಬೆವರ್ತಾ ಇದ್ದೀಯ, ಕೋಳಿ ಕದ್ದಿದ್ದೀಯಾ?"

ನೆಲಕ್ಕೆ ಕೆನ್ನೆ ಒತ್ತಿ ಬಾಗಿಲ ಕೆಳಗಿನ ಸಂದಿಯಲ್ಲಿ ನೋಡಿದೆ. ಕಂದು ಲಕೋಟೆಯ ಅಂಚು. ಅಜ್ಜಿಯ ಪೊರಕೆಯಿಂದ ಒಂದು ಕಡ್ಡಿ ಕಿತ್ತು ಒಳಗೆ ತೂರಿಸಿದೆ. "ಮೆಲ್ಲಗೆ," ಅಂದಳು ಅಕ್ಕ. ಕಡ್ಡಿ ತಾಗಿತು. ಲಕೋಟೆ ಜಾರಿತು, ಒಳಕ್ಕೆ. ಆಮೇಲೆ ಕಾಣಲೇ ಇಲ್ಲ.

ಅಪ್ಪ ಪಾಳಿ ಮುಗಿಸಿ ಬಂದಾಗ ಹೇಳಿದೆವು. ಊಟದ ಡಬ್ಬಿ ಕೆಳಗಿಡದೆ ಕೇಳಿಸಿಕೊಂಡ. "ಅದು ನನ್ ನಂಬರ್ ಕಣ್ಲಾ, ಮನೇದಲ್ಲ," ಅಂದ. ಅಷ್ಟೇ. ಹೊಡೆದಿದ್ದರೆ ಚೆನ್ನಾಗಿತ್ತು.

ಬೆಳಿಗ್ಗೆ ಅಕ್ಕ ಟೀಚರಮ್ಮ ಬರೆದುಕೊಟ್ಟ ಚೀಟಿ ಹಿಡಿದು ರೈಲಿನಲ್ಲಿ ಬಂಗಾರಪೇಟೆಗೆ ಹೋದಳು. ಒಳಗೆ ಬಿಡಲಿಲ್ಲ. ಮದುವೆ ಮುಗಿಸಿ ಬಂದ ಆ ಮನೆಯವರು ಲಕೋಟೆ ತಂದುಕೊಟ್ಟರು, ಅಕ್ಕನದೇ. ತರಬೇತಿ ಸಿಕ್ಕಿದ್ದು ಮುಂದಿನ ವರ್ಷ. ಅಲ್ಲಿಯವರೆಗೆ ಅವಳು ಸೆಂಟರಿನಲ್ಲಿ ಕೂತು, ಆ ಕಾಗೆಕಾಲು ಅಕ್ಷರದಲ್ಲೇ ಬೇರೆಯವರ ಫಾರಂ ತುಂಬಿದಳು. ಮನೆ ನಂಬರಿಗೆ ಮಾತ್ರ ಯಾರ ಬಾಯಿಮಾತನ್ನೂ ನಂಬುತ್ತಿರಲಿಲ್ಲ. ಅವರ ಬಾಗಿಲಿಗೇ ಹೋಗಿ, ಗೋಡೆಯ ಸುಣ್ಣ ಕೆರೆದು ನೋಡಿ ಬರುತ್ತಿದ್ದಳು.

ಈಗ ಆಂಡರ್ಸನ್‌ಪೇಟೆಯ ಸೆಂಟರಿನಲ್ಲಿ ನೀವು ಕಂಪ್ಯೂಟರಿನಲ್ಲೇ ಅರ್ಜಿ ಹಾಕುತ್ತೀರಿ. ಉತ್ತರ ಮೊಬೈಲಿಗೆ ಬರುತ್ತದೆ, ಬೀಗ ಹಾಕಿದ ಮನೆಯೊಳಗೆ ಬೀಳುವುದಿಲ್ಲ. ಆದರೂ ನಾನು ಹಿಂದೆ ನಿಂತು ಮೊಬೈಲ್ ನಂಬರನ್ನು ಮೂರು ಸಲ ಓದಿಸುತ್ತೇನೆ. "ತಾತ, ನಮ್ಮ ನಂಬರ್ ನಮಗೆ ಗೊತ್ತಿಲ್ವಾ?" ಎಂದು ನಗುತ್ತೀರಿ. ನಾನೂ ಹಾಗೇ ಅಂದುಕೊಂಡಿದ್ದೆ.

ಅಕ್ಕನನ್ನು ಕೇಳಿದರೆ ಆ ಫಾರಂ ತುಂಬಿದ್ದು ತಾನೇ ಎನ್ನುತ್ತಾಳೆ. "ನಿಂಗಾಗ ನೆಟ್ಟಗೆ ಪೆನ್ನು ಹಿಡಿಯಕ್ಕೂ ಬತ್ತಿರ್ಲಿಲ್ಲ ಕಣ್ಲಾ." ನನ್ನ ಮನಸ್ಸು ಹಗುರವಾಗಲೆಂದು ಹೇಳುತ್ತಾಳೋ, ನಿಜಕ್ಕೂ ಹಾಗೇ ಇತ್ತೋ. ಅಕ್ಷರ ದುಂಡಗಿತ್ತೋ ಕಾಗೆಕಾಲೋ ಎಂದು ನಕಲು ತೆಗೆದು ನೋಡೋಣವೆಂದರೆ ಸೆಂಟರಿನ ಆ ಕೋಣೆ ಈಗಿಲ್ಲ. ಆ ನಂಬರ್ ಬರೆದ ಕೈ ಯಾರದೋ, ನನಗೆ ಗೊತ್ತಿಲ್ಲ.