ಸರ್ವಿಸ್ ಮೋಟಾರು ಹತ್ತದ ದೊಡ್ಡಪ್ಪ

ನಮ್ಮ ದೊಡ್ಡಪ್ಪ ಚನ್ನಬಸಪ್ಪ ವಕೀಲರು ಬಾಡಿಗೆ ಮೋಟಾರು ಚಾಲೂ ಆಗುವುದಕ್ಕೆ ಬಹಳ ಮೊದಲೇ ಅದರೊಳಗೆ ಏರಿ ಕುಳಿತುಬಿಡುತ್ತಿದ್ದರು. ಬಿಳಿ ಶೇರವಾನಿಯ ಗುಂಡಿಗಳನ್ನು ಕೊರಳತನಕ ಹಾಕಿ, ತಲೆಗೆ ಜರಿಯಂಚಿನ ರುಮಾಲು ಸುತ್ತಿ, ಎರಡೂ ಕೈಗಳನ್ನು ಬೆತ್ತದ ಹಿಡಿಯ ಮೇಲಿಟ್ಟು, ನಿಂತ ಗಾಡಿಯಲ್ಲಿ ಆಗಲೇ ಹೊರಟವರ ಹಾಗೆ ನೆಟ್ಟಗೆ ಮುಂದೆ ನೋಡುತ್ತಿದ್ದರು. ಎರಡನೇ ಮಹಾಯುದ್ಧದ ಲಡಾಯಿಯ ದಿನಗಳು. ಪೆಟ್ರೋಲು ಸಿಗದೆ ಮೋಟಾರುಗಳು ಇದ್ದಿಲಿನ ಗ್ಯಾಸಿನಿಂದ ಓಡುತ್ತಿದ್ದವು. ಗಾಡಿಯ ಮಾಲಕನೂ ಡ್ರೈವರನೂ ಆದ ಖಾಜಾಮಿಯಾ ಹಿಂದಿನ ಇದ್ದಿಲಿನ ಡ್ರಮ್ಮಿಗೆ ಬೆಂಕಿ ಹಾಕಿ, ಗಾಳಿ ಬೀಸುವ ಹಿಡಿಕೆಯನ್ನು ತಿರುವಿ ತಿರುವಿ ಬೆವರುತ್ತಿದ್ದ. ಹೊಗೆ ಓಣಿಯನ್ನೆಲ್ಲ ತುಂಬುತ್ತಿತ್ತು. ಆ ಹೊಗೆಯ ನಡುವೆ ದೊಡ್ಡಪ್ಪ ಹೋಗಿಬರುವವರ ನಮಸ್ಕಾರ ತಗೊಳ್ಳುತ್ತ ಕೂತಿರುತ್ತಿದ್ದರು. ಎಲ್ಲಿಗೆ ಎಂದು ಯಾರಾದರೂ ಕೇಳಲಿ ಎಂದೇ ಅಷ್ಟು ಬೇಗ ಏರುವುದು ಎಂದು ದೊಡ್ಡವ್ವ ಒಳಗೆ ನಗುತ್ತಿದ್ದಳು.

ನಮ್ಮ ಚಿಂಚೋಳಿಗೆ ರೈಲಿರಲಿಲ್ಲ. ಹೈದರಾಬಾದಿಗೆ ಹೋಗಲಿ, ವಾಡಿಗೆ ಹೋಗಲಿ, ಮೊದಲು ಸೇಡಂ ಸ್ಟೇಷನ್ ಮುಟ್ಟಬೇಕು. ಅದಕ್ಕೆ ಎರಡು ದಾರಿ. ಎಲ್ಲರೂ ಹತ್ತುವ ಬಸ್ಸು ಒಂದು, ಅದಕ್ಕೆ ಊರವರು ಸರ್ವಿಸ್ ಮೋಟಾರು ಅನ್ನುತ್ತಿದ್ದರು. ಇನ್ನೊಂದು ಖಾಜಾಮಿಯಾನ ಬಾಡಿಗೆ ಮೋಟಾರು. ಸರ್ವಿಸ್ ಮೋಟಾರಿನಲ್ಲಿ ಜೋಳದ ಚೀಲ, ಕೋಳಿಬುಟ್ಟಿ, ಸಂತೆಗೆ ಹೋಗುವವರು, ಕಚೇರಿಗೆ ಹೋಗುವವರು ಎಲ್ಲ ಒಟ್ಟಿಗೆ. ಹಳ್ಳಿ ಹಳ್ಳಿಗೂ ನಿಂತು ಹೋಗುತ್ತಿತ್ತು, ಆದರೆ ರೈಲಿನ ಹೊತ್ತಿಗೆ ಮುಟ್ಟುತ್ತಿತ್ತು. ದೊಡ್ಡಪ್ಪ ಅದನ್ನು ಒಮ್ಮೆಯೂ ಹತ್ತಿದವರಲ್ಲ. ಅವರು ಮಾತ್ರವಲ್ಲ, ಓಣಿಯ ಯಾವ ಹೆಣ್ಣುಮಗಳು ಗಂಡನ ಮನೆಗೆ ಹೊರಟರೂ ಖಾಜಾಮಿಯಾನಿಗೆ ಹೇಳಿಕಳುಹಿಸುತ್ತಿದ್ದರು. "ನಮ್ಮ ಓಣಿ ಹುಡುಗಿ ಸ್ಟೇಷನ್ನಿಗಿ ಮರ್ಯಾದಿಲೆ ಹೋಗಬೇಕು," ಎಂಬುದು ಅವರ ಮಾತು. ಹಾಗೆ ಎಷ್ಟು ಹುಡುಗಿಯರು ಆ ಹೊಗೆಯ ಗಾಡಿಯಲ್ಲಿ ರಾಣಿಯರಂತೆ ಕೂತು, ಸೀರೆಗೆಲ್ಲ ಮಸಿ ಹತ್ತಿಸಿಕೊಂಡು ಹೋದರೋ.

ಅವರಿಗೆ ಮಕ್ಕಳಿರಲಿಲ್ಲ. ತಮ್ಮನ ಮಗಳಾದ ನಾನು ಅವರ ಮನೆಯಲ್ಲೇ ಬೆಳೆದೆ. ಒಂದು ಮಧ್ಯಾಹ್ನ ಊಟವಾಗಿ ಎಲೆಅಡಿಕೆ ಹಾಕುತ್ತ ಕೂತಾಗ, ಬಸ್ಸಿನ ಮೇಲೆ ಯಾಕಿಷ್ಟು ಸಿಟ್ಟು ಎಂದು ಕೇಳಿದ್ದೆ. ಅವರು ನಗುತ್ತಲೇ ಹೇಳಿದರು. ಮದುವೆಗೆ ಮೊದಲು, ಚಿತ್ತಾಪುರದಲ್ಲಿ ಯಾರದೋ ಮನೆಯ ಪಡಸಾಲೆಯಲ್ಲಿ ಉಳಿದು ಓದುತ್ತಿದ್ದ ಕಾಲದಲ್ಲಿ, ಹೆಣ್ಣು ನೋಡಲು ಶಹಾಬಾದಿಗೆ ಹೋಗಬೇಕಾಯಿತಂತೆ. ಕೈಯಲ್ಲಿ ಏನೂ ಇಲ್ಲದ್ದರಿಂದ ನೆಲಕ್ಕೆ ಹಾಸುವ ಪರ್ಸಿಗಲ್ಲು ತರಲು ಹೊರಟ ಬಂಡಿಯೊಂದನ್ನು ಹತ್ತಿದರು. ಕಲ್ಲಿನ ಗಣಿಯ ಹತ್ತಿರ ಇಳಿದು ನಡೆದು ಬರುವಷ್ಟರಲ್ಲಿ ತಲೆಯಿಂದ ಕಾಲಿನವರೆಗೆ ಬಿಳಿ ಧೂಳು. ಹೆಣ್ಣಿನ ಮನೆಯವರು ಗುರುತು ಹಿಡಿಯದೆ, ಕಲ್ಲು ಇಳಿಸಲು ಬಂದ ಆಳೆಂದು ಹಿತ್ತಲಲ್ಲಿ ಕೂಡಿಸಿ ರೊಟ್ಟಿ ಹಾಕಿದರು. ಇವರು ನಾಚಿಕೆಯಿಂದ ನಾನೇ ವರ ಎಂದು ಹೇಳಲಾರದೆ ರೊಟ್ಟಿ ತಿಂದರು. ನೀರು ಕೊಡಲು ಬಂದ ಹುಡುಗಿಯೇ ಮುಂದೆ ನಮ್ಮ ದೊಡ್ಡವ್ವ.

"ನನಗ ಆಗೇ ಗೊತ್ತಾಗಿತ್ತು," ಎಂದು ದೊಡ್ಡವ್ವ ಒಳಗಿನಿಂದ ಅಂದಳು. "ಆಳು ಅಷ್ಟು ಸಣ್ಣ ತುತ್ತು ಮಾಡಿ ತಿಂತಾನೇನು?"

ದೊಡ್ಡಪ್ಪ ನಕ್ಕರು. ಆದರೆ ಅವರ ಕಿವಿ ಎರಡೂ ಕೆಂಪಾಗಿದ್ದವು. ಅಷ್ಟು ವರ್ಷಗಳಾದ ಮೇಲೂ ಆ ಹಿತ್ತಲು ಅವರನ್ನು ಬಿಟ್ಟಿರಲಿಲ್ಲ.

ದೊಡ್ಡವ್ವನ ಹೆಸರು ಗುರುಬಾಯಿ. ಚಿಕ್ಕಂದಿನಲ್ಲಿ ದೇವಿ ಬೇನೆ, ಅಂದರೆ ಸಿಡುಬು, ಬಂದು ಅವಳ ಎಡಗಣ್ಣು ಹೋಗಿತ್ತು. ಇರುವ ಒಂದು ಕಣ್ಣಿನಲ್ಲೇ ಅಕ್ಕಿ ಆರಿಸುತ್ತಿದ್ದಳು, ಸೂಜಿಗೆ ದಾರ ಪೋಣಿಸುತ್ತಿದ್ದಳು, ದೊಡ್ಡಪ್ಪನ ರುಮಾಲು ಸೊಟ್ಟಗಾಗಿದ್ದರೆ ದೂರದಿಂದಲೇ ಹೇಳುತ್ತಿದ್ದಳು. ನನಗೆ ವಾಡಿಯ ಕಡೆ ಮದುವೆ ಗೊತ್ತಾಗಿದ್ದ ವರ್ಷ, ಒಂದು ದಿನ ಆ ಬಲಗಣ್ಣು ಕೆಂಡದಂತೆ ಕೆಂಪಾಯಿತು. ತಲೆ ಸಿಡಿಯುವ ನೋವು, ವಾಂತಿ. ದೀಪದ ಸುತ್ತ ಬಣ್ಣದ ಬಳೆಗಳು ಕಾಣುತ್ತವೆ ಎಂದಳು. ಬೆಳಗಾಗುತ್ತಲೇ ಊರ ದವಾಖಾನೆಯ ಡಾಕ್ಟರು ಬಂದು ನೋಡಿ, ಕಣ್ಣಿನೊಳಗೆ ನೀರು ಒತ್ತುತ್ತಿದೆ, ಇಲ್ಲಿ ಆಗುವ ಕೆಲಸವಲ್ಲ, ಇವತ್ತಿನ ರೈಲಿಗೇ ಹೈದರಾಬಾದಿನ ದೊಡ್ಡ ದವಾಖಾನೆಗೆ ಒಯ್ಯಿರಿ ಎಂದರು. ಲಡಾಯಿಯಿಂದಾಗಿ ರೈಲುಗಳು ಕಡಿಮೆಯಾಗಿದ್ದವು. ಅಂದಿನದು ತಪ್ಪಿದರೆ ಮತ್ತೆ ಮರುದಿನವೇ.

ಡಾಕ್ಟರು ಹೋದ ಸ್ವಲ್ಪ ಹೊತ್ತಿಗೆ ಅಂಬಾರಾಯ ಬಂದ. ಅವನು ಸರ್ವಿಸ್ ಮೋಟಾರಿನ ಕಂಡಕ್ಟರ್. ಅವರಪ್ಪ ಕಾಗಿಣಾ ಹೊಳೆಯಲ್ಲಿ ಹರಗೋಲು ಹಾಕಿ ಮಂದಿಯನ್ನು ದಾಟಿಸುತ್ತಿದ್ದ ಅಂಬಿಗ. ಡಾಕ್ಟರಿಂದ ಸುದ್ದಿ ತಿಳಿದು ತಾನಾಗಿ ಬಂದಿದ್ದ. ಡ್ರೈವರನ ಬದಿಯ ಸೀಟು ಖಾಲಿ ಇಡಿಸಿದ್ದೇನೆ, ದವಾಖಾನೆಗೆ ಹೋಗುವವರು ಇದ್ದಾರೆಂದು ಹೇಳಿ ಹಳ್ಳಿಗಳಲ್ಲಿ ಹೆಚ್ಚು ನಿಲ್ಲಿಸುವುದಿಲ್ಲ, ರೈಲು ಸಿಕ್ಕೇ ಸಿಗುತ್ತದೆ ಎಂದು ಅಂಗಳದಲ್ಲಿ ನಿಂತು ಹೇಳಿದ.

ಆಗಲೇ ಖಾಜಾಮಿಯಾನ ಗಾಡಿ ಬಾಗಿಲಲ್ಲಿ ಹೊಗೆಯಾಡುತ್ತಿತ್ತು. ವಿಚಾರಿಸಲು ಬಂದ ಓಣಿಯವರು ಕಟ್ಟೆಯ ಮೇಲೆ ಕೂತಿದ್ದರು. ಅವರಷ್ಟೂ ಮಂದಿಯ ಎದುರಿಗೆ ದೊಡ್ಡಪ್ಪ ಹೇಳಿದರು: "ಕುರಿ, ಕೋಳಿ ತುಂಬೂ ಗಾಡ್ಯಾಗ ನಮ್ಮ ಮನಿ ಹೆಣ್ಮಕ್ಕಳು ಕೂಡೂದಿಲ್ಲ. ನಿನ್ನ ಸೀಟು ಯಾರಿಗರೆ ಕೊಡು ಹೋಗು."

ಅಂಬಾರಾಯ ಆಯಿತ್ರಿ ಎಂದು ತಲೆಬಾಗಿ ಹೋದ.

ಸುಲೇಪೇಟ ದಾಟಿ ಒಂದು ದಿನ್ನೆ ಏರುವಾಗ ಖಾಜಾಮಿಯಾನ ಗಾಡಿ ಕೆಮ್ಮಿ ಕೆಮ್ಮಿ ನಿಂತಿತು. ಇದ್ದಿಲು ಹಸಿಯಾಗಿತ್ತೋ, ಗ್ಯಾಸು ಕಟ್ಟಿಕೊಂಡಿತೋ. ಅವನು ಕೊಳವೆ ಬಿಚ್ಚಿ ಊದಿದ, ಡ್ರಮ್ಮು ಕೆದಕಿದ, ಕೈ ಸುಟ್ಟುಕೊಂಡ. ದೊಡ್ಡವ್ವ ಒದ್ದೆ ಬಟ್ಟೆಯನ್ನು ಕಣ್ಣಿಗೆ ಒತ್ತಿಕೊಂಡು ನನ್ನ ತೊಡೆಯ ಮೇಲೆ ಮಲಗಿದ್ದಳು. ನರಳುವುದನ್ನೂ ಬಿಟ್ಟಿದ್ದಳು. ಬಿಸಿಲೇರಿದಾಗ ಹಿಂದಿನಿಂದ ಸರ್ವಿಸ್ ಮೋಟಾರು ಬಂತು. ನಮ್ಮನ್ನು ಕಂಡು ನಿಂತಿತು.

ಅಂಬಾರಾಯ ಇಳಿದು ಓಡಿಬಂದ. ಹಿಂದೆ ಇಬ್ಬರು ಹೆಂಗಸರೂ ಇಳಿದು, ದೊಡ್ಡವ್ವನನ್ನು ಹಿಡಿದು ಹತ್ತಿಸಲು ನಿಂತರು. ಕುರಕುಂಟಾದ ಕಡೆಯ ಮುದುಕನೊಬ್ಬ ತನ್ನ ಗಂಟನ್ನು ತೊಡೆಯ ಮೇಲೆಳೆದುಕೊಂಡು ಜಾಗ ಮಾಡುವುದು ಕಿಟಕಿಯಿಂದ ಕಾಣುತ್ತಿತ್ತು.

"ಬರ್ರಿ ವಕೀಲ್ ಸಾಬ್ರೆ," ಎಂದ ಅಂಬಾರಾಯ. "ಸೀಟು ಇನ್ನೂ ಖಾಲಿ ಅದ. ಅವ್ವಾರಿಗಿ ಕೂಡಿಸೂಣು."

ಬೆಳಗಿನ ಮಾತನ್ನು ಅವನು ಮುಖದಲ್ಲೂ ತೋರಿಸಲಿಲ್ಲ. ತೋರಿಸಿದ್ದರೆ ದೊಡ್ಡಪ್ಪನಿಗೆ ಸುಲಭವಾಗುತ್ತಿತ್ತೋ ಏನೋ. ಬಸ್ಸಿನ ಎಲ್ಲ ಕಿಟಕಿಗಳಿಂದಲೂ ಮಂದಿ ಇವರನ್ನೇ ನೋಡುತ್ತಿದ್ದರು. ದೊಡ್ಡಪ್ಪನ ಶೇರವಾನಿಗೆ ಮಸಿ ಬಳಿದಿತ್ತು, ರುಮಾಲು ಸೊಟ್ಟಗಾಗಿತ್ತು, ಕಿವಿಗಳು ಕೆಂಪಾಗಿದ್ದವು. ಅವರು ರಸ್ತೆಯ ಆಚೆ ತೊಗರಿ ಹೊಲದ ಕಡೆ ಮುಖ ತಿರುಗಿಸಿ, "ಈಗ ಚಾಲೂ ಆಗ್ತದ. ನೀವು ನಡೀರಿ," ಎಂದರು.

ಖಾಜಾಮಿಯಾನೇ ಬಂದು, "ಸಾಬ್, ಖುದಾಕೇ ವಾಸ್ತೆ ಹೋಗ್ರಿ, ನನ್ನ ಗಾಡಿ ಭರೋಸಾ ಇಲ್ಲ," ಎಂದ. ನಾವಿಬ್ಬರಾದರೂ ಹೋಗುತ್ತೇವೆ ಎಂದು ನಾನೂ ಅಂದೆ. ದೊಡ್ಡವ್ವ ಎದ್ದು ಕೂತು, ಬಟ್ಟೆಯನ್ನು ಕಣ್ಣಿನಿಂದ ತೆಗೆಯದೆಯೇ, "ಹೋಗೂಣ್ರಿ," ಎಂದಳು. ಅವಳು ಕೇಳಿದ್ದು ಅಷ್ಟೇ, ಒಂದೇ ಸಲ.

"ಕೂಡು," ಎಂದರು ದೊಡ್ಡಪ್ಪ.

ಅವಳು ಕೂತಳು. ಬಸ್ಸು ಬಹಳ ಹೊತ್ತು ನಿಂತಿತ್ತು. ಆಮೇಲೆ ಆ ಹೆಂಗಸರು ನಮ್ಮನ್ನು ತಿರುಗಿ ತಿರುಗಿ ನೋಡುತ್ತ ಹತ್ತಿಕೊಂಡರು, ಬಸ್ಸು ಹೋಯಿತು. ಅದರ ಧೂಳು ಇಳಿಯುವವರೆಗೂ ದೊಡ್ಡಪ್ಪ ಹೊಲದ ಕಡೆಯಿಂದ ಮುಖ ತಿರುಗಿಸಲಿಲ್ಲ. ಮಂದಿಯ ಮುಂದೆ ಒಂದು ಗಳಿಗೆ ತಲೆ ತಗ್ಗಿಸಬೇಕಾಗಿತ್ತು. ಅದು ಅವರಿಂದ ಆಗಲಿಲ್ಲ.

ಖಾಜಾಮಿಯಾನ ಗಾಡಿ ಕೊನೆಗೂ ಚಾಲೂ ಆಗಿ ನಾವು ಸೇಡಂ ಮುಟ್ಟಿದಾಗ ರೈಲು ಹೋಗಿತ್ತು. ಅಂಬಾರಾಯ ಸ್ಟೇಷನ್ನಿನವರ ಕೈಕಾಲು ಹಿಡಿದು ರೈಲನ್ನು ಸ್ವಲ್ಪ ಹೊತ್ತು ತಡೆಸಿದ್ದನಂತೆ, ಹಮಾಲನೊಬ್ಬ ಹೇಳಿದ. ದೊಡ್ಡಪ್ಪ ಅದನ್ನು ಕೇಳಿ ಪ್ಲಾಟ್‌ಫಾರ್ಮಿನ ಕಲ್ಲಿನ ಮೇಲೆ ಕೂತುಬಿಟ್ಟರು.

ಮರುದಿನ ಹೈದರಾಬಾದಿನಲ್ಲಿ ದೊಡ್ಡ ಡಾಕ್ಟರು ಕಣ್ಣನ್ನು ನೋಡಿ, ಉರ್ದುವಿನಲ್ಲಿ, ನಿನ್ನೆ ತಂದಿದ್ದರೆ ಉಳಿಸಬಹುದಿತ್ತು ಎಂದರು. ನಮ್ಮ ಮನೆಯಲ್ಲಿ ಉರ್ದು ಮಾತನ್ನೆಲ್ಲ ಹೆಂಗಸರಿಗೆ ಕನ್ನಡ ಮಾಡಿ ಹೇಳುವವರು ದೊಡ್ಡಪ್ಪನೇ. ಕೋರ್ಟಿನ ಸುದ್ದಿಯನ್ನೂ ಹಾಗೇ ಹೇಳಿ ನಗಿಸುತ್ತಿದ್ದರು. ಅಂದು ಈ ಮಾತನ್ನು ಕನ್ನಡ ಮಾಡಲಿಲ್ಲ.

"ಏನಂದ್ರು ಡಾಕ್ಟರು?" ಎಂದು ದೊಡ್ಡವ್ವ ಕೇಳಿದಳು.

"ದೇವರ ಕೈಯಾಗ ಅದ ಅಂದ್ರು," ಎಂದರು ದೊಡ್ಡಪ್ಪ.

ಅಷ್ಟು ಉರ್ದು ನನಗೂ ಬರುತ್ತಿತ್ತು, ಅವಳಿಗೂ ಬರುತ್ತಿತ್ತು. ಅವಳು ಸೆರಗನ್ನು ಸರಿಮಾಡಿಕೊಂಡಳು.

ಕಣ್ಣು ಹೋಯಿತು. ಊರಿಗೆ ಮರಳಿದ ಮೇಲೆ ಖಾಜಾಮಿಯಾ ಬಂದು, ಎಲ್ಲ ತನ್ನ ಗಾಡಿಯ ಕಸೂರು, ಅದರದೇ ತಪ್ಪು ಎಂದು ಅತ್ತ. ಗಾಡಿಯದು ಏನೂ ಇಲ್ಲಪ್ಪ ಎಂದು ದೊಡ್ಡಪ್ಪ ಅವನ ಸುಟ್ಟ ಕೈಗೆ ಔಷಧ ಹಚ್ಚಿಸಿ ಕಳಿಸಿದರು. ಆದರೆ ಮತ್ತೆ ಅವನ ಮೋಟಾರು ಹತ್ತಲಿಲ್ಲ. ಸೇಡಂಗೆ ಕೆಲಸ ಬಿದ್ದಾಗ ಸರ್ವಿಸ್ ಮೋಟಾರಿನ ಅಡ್ಡೆಗೆ ಹೋಗಿ ನಿಂತರು. ಅಂಬಾರಾಯ ಮುಂದಿನ ಸೀಟು ತೋರಿಸಿದ. ಬ್ಯಾಡ ಎಂದು ಹಿಂದೆ ಹೋಗಿ, ಚೀಲಗಳ ನಡುವೆ, ಮೇಲಿನ ಸರಳು ಹಿಡಿದು ಸೇಡಂತನಕ ನಿಂತೇ ಹೋದರಂತೆ. ಆಮೇಲೆ ಯಾವಾಗಲೂ ಹಾಗೆಯೇ. ಸೀಟು ಖಾಲಿ ಇದ್ದರೂ ಕೂಡುತ್ತಿರಲಿಲ್ಲ. ವಕೀಲರು ಜಿಪುಣರಾದರು ಎಂದು ಕೆಲವರು ನಕ್ಕರು. ತಲೆ ಕೆಟ್ಟಿದೆ ಎಂದು ಕೆಲವರು ಅಂದರು.

ಅಂಬಾರಾಯನ ಕ್ಷಮೆ ಕೇಳಲು ಒಮ್ಮೆ ಪ್ರಯತ್ನಿಸಿದ್ದನ್ನು ನಾನೇ ಕಂಡೆ. ಸಂತೆಯ ದಿನ, ಬಸ್ಸು ತುಂಬಿ ಕಾಲಿಡಲು ಜಾಗವಿರಲಿಲ್ಲ. "ಅಂಬಾರಾಯ, ಆವತ್ತು ನಾ..." ಎಂದು ದೊಡ್ಡಪ್ಪ ಶುರುಮಾಡಿದರು. ನಡುವೆ ಯಾರದೋ ಕೋಳಿ ಬುಟ್ಟಿಯಿಂದ ಹಾರಿತು, ಹೆಂಗಸೊಬ್ಬಳು ಕೂಗಿದಳು, ಅಂಬಾರಾಯ ಕೋಳಿ ಹಿಡಿಯಲು ಬಗ್ಗಿದ. ಮತ್ತೆ ಎದ್ದು, "ಏನಂದ್ರಿ ಸಾಬ್ರೆ?" ಎಂದು ಕೇಳಿದಾಗ, ದೊಡ್ಡಪ್ಪ ಏನಿಲ್ಲ ಎಂದು ಟಿಕೀಟು ತಗೊಂಡರು.

ಮನೆಯಲ್ಲಿ ಅವರು ದೊಡ್ಡವ್ವನಿಗೆ ಮಾಡದ ಸೇವೆಯಿಲ್ಲ. ನೀರು ಕಾಯಿಸುತ್ತಿದ್ದರು, ತಟ್ಟೆಯಲ್ಲಿ ರೊಟ್ಟಿ ಎಲ್ಲಿದೆ, ಪಲ್ಯ ಎಲ್ಲಿದೆ ಎಂದು ಅವಳ ಕೈ ಹಿಡಿದು ತೋರಿಸುತ್ತಿದ್ದರು. ಆದರೆ ಎಲ್ಲವನ್ನೂ ಬದಿಗೆ ತಿರುಗಿಕೊಂಡೇ. ಅವಳ ಹತ್ತಿರ ಮಾತಾಡುವಾಗ ಗೋಡೆ ನೋಡುತ್ತಿದ್ದರು, ನೆಲ ನೋಡುತ್ತಿದ್ದರು. ಕುರುಡಿಗೆ ಅದು ತಿಳಿಯುವುದಿಲ್ಲ ಎಂದು ನಾನು ಅಂದುಕೊಂಡಿದ್ದೆ. ನನ್ನ ಲಗ್ನದ ಹಿಂದಿನ ದಿನ, ನನ್ನ ಕೈಯ ಮೆಹಂದಿಯನ್ನು ಬೆರಳಿನಿಂದ ತಡವುತ್ತ ದೊಡ್ಡವ್ವ ಹೇಳಿದಳು: "ಇವರ ಮಾತು ನನ್ನ ಕಡಿ ಬರೂದಿಲ್ಲ ನೀಲಾ. ಅತ್ತಾಗೆಲ್ಲರೆ ಹೋಗ್ತದ. ಕಣ್ಣು ಹೋಗಿದ್ದಕ್ಕ ನಾ ಸುಮ್ಮಾದೆ. ಇವರು ನನ್ನ ಮಾರಿ ನೋಡೂದು ಬಿಟ್ಟಾರಲ್ಲ, ಅದಕ್ಕ ಸುಮ್ಮಾಗಲಿಕ್ಕ ಬರವಲ್ದು."

ನಾನು ವಾಡಿಗೆ ಹೋಗಿ ಸಂಸಾರ ಹೂಡಿದೆ. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೆ ಹೈದರಾಬಾದ್ ಸಂಸ್ಥಾನದಲ್ಲಿ ನಡೆದ ಗಲಾಟೆಯ ವರ್ಷದಲ್ಲಿ ನಮ್ಮ ಕಡೆಯ ಹಳ್ಳಿಗಳಿಂದ ಮಂದಿ ಹೆಂಗಸರು ಮಕ್ಕಳನ್ನು ಬೇರೆ ಬೇರೆ ಕಡೆ ಸಾಗಿಸುತ್ತಿದ್ದಾಗ, ದೊಡ್ಡಪ್ಪ ದೊಡ್ಡವ್ವನನ್ನು ಕರೆದುಕೊಂಡು ವಾಡಿಗೆ ಬಂದರು. ಸೇಡಂವರೆಗೆ ಅಂಬಾರಾಯನ ಬಸ್ಸು, ಅಲ್ಲಿಂದ ರೈಲು. ಅವಳನ್ನು ನಮ್ಮಲ್ಲಿ ಬಿಟ್ಟು, ಮನೆಯನ್ನೂ ಕಕ್ಷಿದಾರರ ಕಾಗದಪತ್ರಗಳನ್ನೂ ನೋಡಿಕೊಳ್ಳಲು ಚಿಂಚೋಳಿಗೆ ಮರಳುವವರಿದ್ದರು. ಬಹಳ ಇಳಿದುಹೋಗಿದ್ದರು. ಶೇರವಾನಿ ಹೆಗಲಿನಿಂದ ಜೋತುಬಿದ್ದಿತ್ತು.

ಹೊರಡುವ ಮುಂಜಾನೆ ಚಹಾ ಕುಡಿದು ಕಪ್ಪು ಕೆಳಗಿಟ್ಟರು. ದೊಡ್ಡವ್ವ ಗೋಡೆಗೆ ಒರಗಿ ಕೂತಿದ್ದಳು. ನಾನು ಒಲೆಯ ಹತ್ತಿರ ರೊಟ್ಟಿ ಬುತ್ತಿ ಕಟ್ಟುತ್ತಿದ್ದೆ.

"ಗುರುಬಾಯಿ," ಎಂದರು ದೊಡ್ಡಪ್ಪ. ಅವರು ಅವಳನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಆ ದಿನ ನಿನಗ ಬಸ್ ಹತ್ತಿಸಬೇಕಾಗಿತ್ತು."

ದೊಡ್ಡವ್ವ ಹೋಗಲಿ ಬಿಡಿ ಅನ್ನುತ್ತಾಳೆ ಎಂದು ನಾನು ಕಾದೆ. ಅವಳು ಹಾಗೆ ಅನ್ನಲಿಲ್ಲ.

"ಹೌದ್ರಿ," ಎಂದಳು. "ಹತ್ತಿಸಬೇಕಾಗಿತ್ತು."

ದೊಡ್ಡಪ್ಪನ ಹೆಗಲುಗಳು ಒಮ್ಮೆ ಕುಸಿದು, ಮತ್ತೆ ಸಡಿಲಾದವು. ನಾನು ಬುತ್ತಿಯ ಗಂಟು ಹಿಡಿದು ಅಲ್ಲೇ ನಿಂತೆ. ಆಮೇಲೆ ಅವರು ಎದ್ದು, ಸ್ಟೇಷನ್ನಿಗೆ ಬರುವುದು ಬೇಡ ಎಂದು ನನ್ನ ಗಂಡನಿಗೂ ಹೇಳಿ, ಬುತ್ತಿ ತಗೊಂಡು ನಡೆದೇ ಹೋದರು.

ಕೆಲವು ವಾರಗಳಲ್ಲಿ ಜ್ವರ ಬಂದು ಅವರು ತೀರಿಕೊಂಡ ಸುದ್ದಿ ಬಂತು. ಬಸ್ಸುಗಳು ನಿಂತಿದ್ದವು, ದಾರಿಯಲ್ಲಿ ಯಾರೂ ಹೋಗುತ್ತಿರಲಿಲ್ಲ. ಮಣ್ಣು ಮಾಡುವ ಹೊತ್ತಿಗೆ ಹೋಗಿ ಮುಟ್ಟಲು ನಮ್ಮಲ್ಲಿ ಯಾರಿಗೂ ಆಗಲಿಲ್ಲ. ಖಾಜಾಮಿಯಾ, ಅಂಬಾರಾಯ, ಓಣಿಯ ನಾಲ್ಕು ಮಂದಿ ಸೇರಿ ಎಲ್ಲ ಮಾಡಿದರೆಂದು ಆಮೇಲೆ ಗೊತ್ತಾಯಿತು.

ದೊಡ್ಡವ್ವ ನಮ್ಮಲ್ಲೇ ಉಳಿದಳು. ಸುದ್ದಿ ಬಂದ ದಿನ ಅವಳು ಅಳಲಿಲ್ಲ. ಮರುದಿನ ನಾನು ಅವಳ ತಲೆ ಬಾಚುತ್ತಿದ್ದಾಗ ನನ್ನ ಕೈ ಹಿಡಿದು ನಿಲ್ಲಿಸಿದಳು.

"ಆವತ್ತು ಹೋಗಬೇಕಾದ್ರ, ನಾ ಹೌದು ಅಂದಮ್ಯಾಲ, ಅವರು ನನ್ನ ಕಡಿ ನೋಡಿದ್ರೇನು ನೀಲಾ?"

"ನೋಡಿದ್ರು ದೊಡ್ಡವ್ವ," ಎಂದೆ. "ಭಾಳೊತ್ತು ನೋಡಿದ್ರು."

ಅದು ನಿಜವಾಗಿತ್ತು. ಅವಳು ನನ್ನ ಕೈ ಬಿಟ್ಟಳು. ಆಗ ಅತ್ತಳು.